ಒಂದು ರಿಜಿಸ್ಟರಿನ ವ್ಯಾಜ್ಯ

ದೊಡ್ಡ ಸಾಫ್ಟ್‌ವೇರ್ ಪ್ರಾಜೆಕ್ಟಿನ ಬಿಲ್ಡ್ ಫೈಲ್ ತೆರೆದು ನೋಡಿದರೆ ಕಂಪೈಲರಿಗೂ ಲಿಂಕರಿಗೂ ಕೊಡುವ ಆಯ್ಕೆಗಳು ಸಾಲುಗಟ್ಟಿ ನಿಂತಿರುತ್ತವೆ. ಅವನ್ನು ಯಾರು, ಯಾವ ಕಾಲದಲ್ಲಿ, ಯಾವ ಯಂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಸೇರಿಸಿದರೋ ತಂಡದಲ್ಲಿ ಯಾರಿಗೂ ನೆನಪಿರುವುದಿಲ್ಲ. ತೆಗೆದರೆ ಏನು ಕೆಡುತ್ತದೋ ಎಂದು ಯಾರೂ ಮುಟ್ಟಲು ಹೋಗುವುದಿಲ್ಲ. ಅಂಥದ್ದರಲ್ಲಿ ಒಂದೇ ಒಂದು ಆಯ್ಕೆಯನ್ನು ಹಿಡಿದು, ಅಳತೆ ಮಾಡಿದ ಅಂಕಿಗಳನ್ನು ಮುಂದಿಟ್ಟುಕೊಂಡು, ಬಲ್ಲವರೇ ಎರಡು ಪಕ್ಷವಾಗಿ ತಿಂಗಳುಗಟ್ಟಲೆ ವಾದಿಸುವುದು ಅಪರೂಪ. ಫೆಡೋರಾ ಲಿನಕ್ಸಿನಲ್ಲಿ 2022ರಲ್ಲಿ ಎದ್ದು, 2023ರ ಜನವರಿಯಲ್ಲಿ ಒಂದು ಘಟ್ಟ ಮುಟ್ಟಿದ ಫ್ರೇಮ್ ಪಾಯಿಂಟರ್ ವ್ಯಾಜ್ಯ ಅಂಥದ್ದು.

ಆಯ್ಕೆಯ ಪೂರ್ತಿ ಹೆಸರು ‘-ಎಫ್‌ನೋ-ಓಮಿಟ್-ಫ್ರೇಮ್-ಪಾಯಿಂಟರ್’. ಅಂದರೆ, ಫ್ರೇಮ್ ಪಾಯಿಂಟರನ್ನು ಕೈಬಿಡಬೇಡ ಎಂದು ಕಂಪೈಲರಿಗೆ ಹೇಳುವ ಮಾತು. ಇದು ಯಂತ್ರದ ಮಟ್ಟದಲ್ಲಿ ಮಾಡುವುದು ಬಹಳ ಸಣ್ಣ ಕೆಲಸ. ಪ್ರತಿ ಫಂಕ್ಷನ್ನಿನ ಬಾಗಿಲಲ್ಲೇ ಎರಡು ಸೂಚನೆಗಳು ಬಂದು ಕೂರುತ್ತವೆ: ‘ಪುಶ್ ಆರ್‌ಬಿಪಿ’, ಆಮೇಲೆ ಸ್ಟ್ಯಾಕಿನ ತುದಿ ತೋರಿಸುವ ಆರ್‌ಎಸ್‌ಪಿಯ ಬೆಲೆಯನ್ನು ಆರ್‌ಬಿಪಿಗೆ ತುಂಬುವ ‘ಮೂವ್’. ಹೊರಡುವಾಗ ಹಳೆಯ ಬೆಲೆಯನ್ನು ಹಿಂದಕ್ಕೆ ಕೊಡುವ ಇನ್ನೊಂದು. ಇದರಿಂದ ಆರ್‌ಬಿಪಿ ಎಂಬ ರಿಜಿಸ್ಟರ್ ಯಾವಾಗಲೂ ಈಗಿನ ಫಂಕ್ಷನ್ನಿನ ಸ್ಟ್ಯಾಕ್ ಚೌಕಟ್ಟನ್ನು ತೋರಿಸುತ್ತಿರುತ್ತದೆ. ಆ ಚೌಕಟ್ಟಿನ ಬುಡದಲ್ಲಿ ಕರೆದವನ ಚೌಕಟ್ಟಿನ ವಿಳಾಸ ಇರುತ್ತದೆ, ಅದರ ಬುಡದಲ್ಲಿ ಅವನನ್ನು ಕರೆದವನದು. ಕೊಂಡಿ ಹಿಡಿದು ಮೇಲಕ್ಕೆ ಹೋದರೆ ‘ಮೇನ್’ ತನಕ ತಲುಪಬಹುದು. ಇದಕ್ಕೆ ತೆರುವ ಬೆಲೆ ಆ ಕೆಲವು ಸೂಚನೆಗಳು, ಜೊತೆಗೆ ಬೇರೆ ಲೆಕ್ಕಾಚಾರಕ್ಕೆ ಸಿಗಬಹುದಾಗಿದ್ದ ಒಂದು ರಿಜಿಸ್ಟರ್.

32 ಬಿಟ್‌ನ ಎಕ್ಸ್86 ಯಂತ್ರಗಳ ಕಾಲದಲ್ಲಿ ಈ ಬೆಲೆ ಹೆಚ್ಚೇ ಇತ್ತು. ಎಂಟೇ ರಿಜಿಸ್ಟರ್; ಸ್ಟ್ಯಾಕಿಗೆ ಒಂದು ಹೋದರೆ ಏಳು, ಫ್ರೇಮ್ ಪಾಯಿಂಟರಿಗೂ ಒಂದು ಕೊಟ್ಟರೆ ಉಳಿಯುವುದು ಆರು. ಆ ಒಂದು ರಿಜಿಸ್ಟರನ್ನು ಉಳಿಸಿಕೊಳ್ಳಬೇಕೆಂದು ಕಂಪೈಲರ್ ಬರೆಯುವವರು ಪಟ್ಟುಹಿಡಿದದ್ದರಲ್ಲಿ ತಪ್ಪೇನೂ ಇರಲಿಲ್ಲ. 2011ರ ಜಿಸಿಸಿ 4.6ರ ಹೊತ್ತಿಗೆ 32 ಬಿಟ್ ಲಿನಕ್ಸಿನಲ್ಲೂ ಫ್ರೇಮ್ ಪಾಯಿಂಟರನ್ನು ಕೈಬಿಡುವುದೇ ಡೀಫಾಲ್ಟ್ ಆಯಿತು. 64 ಬಿಟ್‌ನಲ್ಲಿ ರಿಜಿಸ್ಟರುಗಳು ಹದಿನಾರಾದರೂ ರೂಢಿ ಮಾತ್ರ ಹಾಗೆಯೇ ಮುಂದುವರಿಯಿತು. ಯಾವ ಕಾರಣಕ್ಕೆ ಒಂದು ಆಯ್ಕೆ ಬಂತೋ ಆ ಕಾರಣ ಮುಕ್ಕಾಲು ಸವೆದ ಮೇಲೂ ಅದು ಕೂತಲ್ಲೇ ಕೂತಿರುವುದು ಬಿಲ್ಡ್ ಫೈಲುಗಳಲ್ಲಿ ಹೊಸದಲ್ಲ.

ಬೇಕು ಎನ್ನುವವರ ವಾದ ಪ್ರೊಫೈಲಿಂಗಿನಿಂದ ಶುರುವಾಗುತ್ತದೆ. ಓಡುತ್ತಿರುವ ಪ್ರೋಗ್ರಾಮನ್ನು ಸೆಕೆಂಡಿಗೆ ನೂರೋ ಸಾವಿರವೋ ಸಲ ತಡೆದು, ‘ಈಗ ಎಲ್ಲಿದ್ದೀಯ, ಇಲ್ಲಿಗೆ ಯಾರು ಕಳಿಸಿದರು’ ಎಂದು ಕೇಳುವುದೇ ಪ್ರೊಫೈಲರಿನ ಕೆಲಸ. ಸಮಯ ಕಳೆಯುತ್ತಿರುವ ಫಂಕ್ಷನ್ನಿನ ಹೆಸರು ಮಾತ್ರ ಗೊತ್ತಾದರೆ ಹೆಚ್ಚು ಉಪಯೋಗವಿಲ್ಲ. ‘ಮೆಮ್‌ಕಾಪಿ’ಯಲ್ಲಿ ಹೊತ್ತು ಹೋಗುತ್ತಿದೆ ಎಂದರೆ, ಆಗಲಿ, ಯಾರು ಕರೆದದ್ದಕ್ಕೆ? ಬ್ರೆಂಡನ್ ಗ್ರೆಗ್ 2011ರಲ್ಲಿ ರೂಪಿಸಿದ, ಪ್ರೊಫೈಲನ್ನು ಚಿತ್ರವಾಗಿ ತೋರಿಸುವ ಫ್ಲೇಮ್ ಗ್ರಾಫ್‌ನ ಜೀವ ಇರುವುದೇ ಈ ಕರೆಗಳ ಸರಪಳಿಯಲ್ಲಿ. ಜಾವಾಕ್ಕೂ ಗ್ಲಿಬ್‌ಸಿ ಎಂಬ ಸಿ ಲೈಬ್ರರಿಗೂ ಫ್ರೇಮ್ ಪಾಯಿಂಟರನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಹಾಕಿ ನೋಡಿರುವ ಅವರು, ಹೊರೆ ಸಾಮಾನ್ಯವಾಗಿ ಶೇಕಡಾ 1ಕ್ಕಿಂತ ಕಡಿಮೆ, ಎಷ್ಟೋ ಸಲ ಅಳೆಯುವುದೂ ಕಷ್ಟ ಎಂದಿದ್ದಾರೆ.

ನಿಮಗೆ ಬೇಕಿದ್ದರೆ ನಿಮ್ಮ ಪ್ರಾಜೆಕ್ಟಿಗೆ ಮಾತ್ರ ಹಾಕಿಕೊಳ್ಳಿ, ಊರಿಗೆಲ್ಲ ಯಾಕೆ ಎಂದು ಕೇಳಬಹುದು. ಉತ್ತರ ಸರಪಳಿಯ ಸ್ವಭಾವದಲ್ಲೇ ಇದೆ. ನಿಮ್ಮ ಕೋಡು ಗ್ಲಿಬ್‌ಸಿಯನ್ನು ಕರೆಯುತ್ತದೆ, ಸ್ಯಾಂಪಲ್ ಬಿದ್ದದ್ದು ಅದರೊಳಗೆ. ಗ್ಲಿಬ್‌ಸಿ ಆರ್‌ಬಿಪಿಯಲ್ಲಿ ಬೇರೆ ಯಾವುದೋ ಸಂಖ್ಯೆ ಇಟ್ಟುಕೊಂಡಿದ್ದರೆ ಕೊಂಡಿ ಅಲ್ಲೇ ಕಳಚಿತು. ಮೇಲಿರುವ ನಿಮ್ಮ ಫಂಕ್ಷನ್ನುಗಳಿಗೆಲ್ಲ ಫ್ರೇಮ್ ಪಾಯಿಂಟರ್ ಇದ್ದೂ ಅಲ್ಲಿಗೆ ಹೋಗಲು ದಾರಿಯಿಲ್ಲ. ಎಲ್ಲರೂ ಇಟ್ಟುಕೊಂಡರೆ ಮಾತ್ರ ಎಲ್ಲರಿಗೂ ಪ್ರಯೋಜನ. ಇಡೀ ವಿತರಣೆಗೇ ಡೀಫಾಲ್ಟ್ ಮಾಡಿ ಎಂದು ಮೆಟಾ ಕಂಪನಿಯ ಎಂಜಿನಿಯರುಗಳು ಪ್ರಸ್ತಾವ ಇಟ್ಟದ್ದು ಈ ಕಾರಣಕ್ಕೆ.

ಬೇಡ ಎನ್ನುವವರು ಹಟಮಾರಿಗಳೇನಲ್ಲ. ಅವರಲ್ಲಿ ಹೆಚ್ಚಿನವರು ಕಂಪೈಲರ್, ಲಿಂಕರ್, ಗ್ಲಿಬ್‌ಸಿಗಳನ್ನೇ ದಿನವೂ ತಿದ್ದುವವರು. ಪ್ರಸ್ತಾವದ ಜೊತೆಗಿದ್ದ ಅಳತೆಗಳೇ ಅವರ ಕೈಗೆ ಸಾಮಗ್ರಿ ಕೊಟ್ಟವು. ಫ್ರೇಮ್ ಪಾಯಿಂಟರ್ ಇಟ್ಟು ಕಟ್ಟಿದ ಜಿಸಿಸಿಯಿಂದ ಲಿನಕ್ಸ್ ಕರ್ನಲ್ ಕಂಪೈಲ್ ಮಾಡಲು ಶೇಕಡಾ 2.4 ಹೆಚ್ಚು ಹೊತ್ತು. ಬ್ಲೆಂಡರಿನಲ್ಲಿ ಒಂದು ಫ್ರೇಮ್ ರೆಂಡರ್ ಮಾಡಲು ಶೇಕಡಾ 2. ರೆಡಿಸ್, ಝಡ್‌ಎಸ್‌ಟಿಡಿ, ಓಪನ್‌ಎಸ್‌ಎಸ್‌ಎಲ್‌ಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಪೈಥಾನ್‌ನಲ್ಲಿ ಮಾತ್ರ ಬೆಂಚ್‌ಮಾರ್ಕ್ ನೋಡಿಕೊಂಡು ಶೇಕಡಾ 1ರಿಂದ 10ರವರೆಗೆ. ಒಂದು ಕಂಪೈಲರ್ ತಂಡ ಶೇಕಡಾ 2ರಷ್ಟು ವೇಗ ಗಳಿಸಲು ಎಷ್ಟು ಬೆವರು ಸುರಿಸುತ್ತದೆ ಎಂದು ಬಲ್ಲವರಿಗೆ, ಒಂದು ಸಾಲು ಬರೆದು ಅದನ್ನು ಬಿಟ್ಟುಕೊಡುವುದು ಸಂಕಟದ ವಿಷಯವೇ. ಅದಕ್ಕಿಂತ ಗಟ್ಟಿ ಆಕ್ಷೇಪ ಇನ್ನೊಂದಿತ್ತು. ಪ್ರೊಫೈಲರ್ ಓಡಿಸುವವರು ಬೆರಳೆಣಿಕೆಯ ಜನ. ನಿಧಾನವಾಗುವುದು ಎಲ್ಲರ ಯಂತ್ರ. ಬ್ಯಾಟರಿ ಯಾರದು, ಸರ್ವರ್ ಬಾಡಿಗೆ ಯಾರದು?

ಜೊತೆಗೆ, ಸರಪಳಿ ಕಂಡುಹಿಡಿಯುವ ಮಾಹಿತಿ ಫೈಲಿನಲ್ಲಿ ಆಗಲೇ ಇದೆಯಲ್ಲ ಎಂದರು. ನಿಜ. ಸಿ++ ಎಕ್ಸೆಪ್ಶನ್ನುಗಳಿಗಾಗಿ ಕಂಪೈಲರ್ ಪ್ರತಿ ಫಂಕ್ಷನ್ನಿಗೂ ಡ್ವಾರ್ಫ್ ಮಾದರಿಯ ಕೋಷ್ಟಕ ಬರೆದಿಡುತ್ತದೆ, ಲಿಂಕರ್ ಅವನ್ನು ಒಟ್ಟುಗೂಡಿಸಿ ಹುಡುಕಲು ಅನುಕೂಲವಾಗುವ ಸೂಚಿಯನ್ನೂ ಕಟ್ಟುತ್ತದೆ. ಫ್ರೇಮ್ ಪಾಯಿಂಟರ್ ದಾರಿ ಎಂದರೆ ಮನೆಮನೆಗೆ ಹೋಗಿ ‘ನಿಮ್ಮ ತಂದೆ ಯಾರು’ ಎಂದು ಕೇಳುವುದು. ಡ್ವಾರ್ಫ್ ದಾರಿ ಎಂದರೆ ಹೆಳವರ ವಂಶಾವಳಿ ಪುಸ್ತಕ ಬಿಚ್ಚಿ ಓದುವುದು. ಮನೆಯವರು ಏನನ್ನೂ ನೆನಪಿಟ್ಟುಕೊಳ್ಳಬೇಕಿಲ್ಲ, ಆದರೆ ಪುಸ್ತಕ ಓದಲು ಬಲ್ಲವನು ಬೇಕು, ಹೊತ್ತೂ ಬೇಕು.

ತೊಡಕು ಇರುವುದು ಅಲ್ಲೇ. ಡ್ವಾರ್ಫ್ ಕೋಷ್ಟಕ ಓದುವುದೆಂದರೆ ಒಂದು ಪುಟ್ಟ ಯಂತ್ರಭಾಷೆಯನ್ನು ನಡೆಸಿದ ಹಾಗೆ. ಅದನ್ನು ಕರ್ನಲಿನೊಳಗೆ ಬಿಟ್ಟುಕೊಳ್ಳಲು ಲೀನಸ್ ಟೋರ್ವಾಲ್ಡ್ಸ್ ಒಪ್ಪಲಿಲ್ಲ. ಹಾಗಾಗಿ ಲಿನಕ್ಸಿನ ‘ಪರ್ಫ್’ ಬಳಸುವವರಿಗೆ ಉಳಿದದ್ದು ಒಡ್ಡೊಡ್ಡಾದ ಉಪಾಯ: ಪ್ರತಿ ಸ್ಯಾಂಪಲ್ಲಿಗೂ ಸ್ಟ್ಯಾಕಿನ ಒಂದು ತುಂಡನ್ನೇ ನಕಲು ಮಾಡಿಟ್ಟುಕೊಂಡು ಆಮೇಲೆ ಬಿಡಿಸುವುದು. ಡೀಫಾಲ್ಟ್ ತುಂಡು 8 ಕೆಬಿ. ಸೆಕೆಂಡಿಗೆ 1000 ಸ್ಯಾಂಪಲ್ ಎಂದರೆ ಒಂದು ಕೋರಿಗೆ 8 ಎಂಬಿ, 32 ಕೋರಿನ ಸರ್ವರಿಗೆ 256 ಎಂಬಿ, ಅದೂ ಪ್ರತಿ ಸೆಕೆಂಡಿಗೆ. ಸ್ಟ್ಯಾಕ್ 8 ಕೆಬಿಗಿಂತ ಆಳವಾಗಿದ್ದರೆ ಸರಪಳಿಯ ತಲೆಯೇ ಇಲ್ಲ. ಪ್ರೊಸೆಸರಿನ ಒಳಗೇ ಜಿಗಿತಗಳ ದಾಖಲೆ ಇಡುವ ಎಲ್‌ಬಿಆರ್ ಎಂಬ ಸೌಕರ್ಯವೂ ಇದೆ. ಅದು ಈಚಿನ ಇಂಟೆಲ್ ಚಿಪ್ಪುಗಳಲ್ಲಿ 32 ನಮೂದುಗಳಿಗೆ ನಿಲ್ಲುತ್ತದೆ, ಬಾಡಿಗೆಯ ವರ್ಚುವಲ್ ಯಂತ್ರಗಳಲ್ಲಿ ಎಷ್ಟೋ ಸಲ ಸಿಗುವುದೇ ಇಲ್ಲ.

ಬೇಡ ಎನ್ನುವವರು ಇನ್ನೂ ಜೋರಾಗಿ ಹೇಳಬಹುದಾಗಿದ್ದ ಮಾತೊಂದಿದೆ. ಲಿನಕ್ಸ್ ಕರ್ನಲ್ ತನ್ನ ಮನೆಯೊಳಗೆ ಇದೇ ಸಮಸ್ಯೆಯನ್ನು ಹೇಗೆ ಬಗೆಹರಿಸಿಕೊಂಡಿತು ನೋಡಿ. ಫ್ರೇಮ್ ಪಾಯಿಂಟರ್ ಇಟ್ಟರೆ ಕರ್ನಲಿನ ಕೋಡು ಶೇಕಡಾ 3.2ರಷ್ಟು ದಪ್ಪಗಾಗುತ್ತಿತ್ತು, ಮೆಲ್ ಗೋರ್ಮನ್ ಅಳೆದಾಗ ಕೆಲವು ಕೆಲಸಗಳಲ್ಲಿ ವೇಗ ಶೇಕಡಾ 5ರಿಂದ 10 ಕುಸಿದಿತ್ತು. ಆದ್ದರಿಂದ 2017ರಲ್ಲಿ 4.14ನೇ ಆವೃತ್ತಿಗೆ ಓಆರ್‌ಸಿ ಎಂಬ ಸರಳ ಕೋಷ್ಟಕವನ್ನು ತಂದರು. ಡ್ವಾರ್ಫ್‌ನಷ್ಟು ಜಟಿಲವಲ್ಲ, ಮೆಮೊರಿ ಮಾತ್ರ ಅದಕ್ಕಿಂತ ಅರ್ಧದಷ್ಟು ಹೆಚ್ಚು ತಿನ್ನುತ್ತದೆ. ಅಂದರೆ ತನ್ನ ಕೋಡಿಗೆ ಫ್ರೇಮ್ ಪಾಯಿಂಟರ್ ದುಬಾರಿ ಎಂದ ಯೋಜನೆಯೇ, ಹೊರಗಿನ ಪ್ರೋಗ್ರಾಮುಗಳಿಗೆ ಅದರ ಹೊರತು ಒಳ್ಳೆಯ ದಾರಿ ಉಳಿಸಿರಲಿಲ್ಲ. ಪ್ರೊಫೈಲರ್ ಬರೆಯುವವರನ್ನು ಇದಕ್ಕೆ ದೂರಲಾಗದು. ಆದರೆ ಕೋಷ್ಟಕದ ದಾರಿ ಅಸಾಧ್ಯವಲ್ಲ ಎಂಬುದಕ್ಕೆ ಸಾಕ್ಷಿ ಅಲ್ಲೇ ಇತ್ತು.

ಫೆಡೋರಾದ ತಾಂತ್ರಿಕ ಸಮಿತಿ ಫೆಸ್ಕೊ 2022ರ ಕೊನೆಯಲ್ಲಿ ಪ್ರಸ್ತಾವವನ್ನು ತಳ್ಳಿಹಾಕಿತು. 2023ರ ಜನವರಿಯ ಮೊದಲ ವಾರದಲ್ಲಿ ಮತ್ತೆ ಕೈಗೆತ್ತಿಕೊಂಡು ಒಪ್ಪಿತು. ಸಾಕಷ್ಟು ಮುಂಚೆ ತಿಳಿಸದೆ ಮತ ಹಾಕಿದರೆಂದು ಟೂಲ್‌ಚೈನ್ ತಂಡದವರು ಬೇಸರಪಟ್ಟರು. ಆ ದೂರಿನಲ್ಲಿ ಹುರುಳಿತ್ತು ಎಂದೇ ನನಗನ್ನಿಸುತ್ತದೆ. ಫೆಡೋರಾ 38ರಲ್ಲಿ ಆಯ್ಕೆ ಜಾರಿಗೆ ಬಂತು, ಫೆಡೋರಾ 40ರ ಹೊತ್ತಿಗೆ ಮರುಪರಿಶೀಲನೆ ಎಂಬ ಷರತ್ತಿನೊಡನೆ. ಉಬುಂಟು 24.04 ಕೂಡ 64 ಬಿಟ್ ಯಂತ್ರಗಳಿಗೆ ಅದೇ ಹಾದಿ ಹಿಡಿಯಿತು. ಪೈಥಾನ್ 3.11ಕ್ಕೆ ಫೆಡೋರಾ ವಿನಾಯಿತಿ ಕೊಟ್ಟಿತ್ತು. ಇದು ಕೇಳಲು ಜಾಣತನದ ರಾಜಿ. ಆದರೆ ಪೈಥಾನ್ ಪ್ರೋಗ್ರಾಮಿನ ಪ್ರತಿ ಕರೆಯೂ ಹಾದುಹೋಗುವುದು ಆ ಇಂಟರ್‌ಪ್ರಿಟರಿನ ಮುಖ್ಯ ಲೂಪಿನ ಮೂಲಕ. ಕೊಂಡಿ ಅಲ್ಲೇ ಕಳಚುವುದಾದರೆ ಪ್ರೊಫೈಲ್ ಹೆಚ್ಚು ಬೇಕಾಗಿದ್ದ ಜಾಗದಲ್ಲೇ ಕುರುಡಾಗುತ್ತದೆ. ಬೆಲೆ ಎಲ್ಲಿ ಹೆಚ್ಚೋ ಅಲ್ಲೇ ಲಾಭವೂ ಹೆಚ್ಚು.

ಈ ಎರಡು ಪಕ್ಷಗಳ ಲೆಕ್ಕವನ್ನು ಒಂದೇ ಪುಟದಲ್ಲಿ ಬರೆಯಲಾಗುವುದಿಲ್ಲ ಎಂಬುದೇ ನಿಜವಾದ ತೊಂದರೆ. ನಷ್ಟವನ್ನು ಬೆಂಚ್‌ಮಾರ್ಕಿನಲ್ಲಿ ಇಂದೇ ತೋರಿಸಬಹುದು: 2.4, 2, 10. ಲಾಭ ಹಾಗಲ್ಲ. ಯಾರೋ ಮುಂದೊಂದು ದಿನ ಫ್ಲೇಮ್ ಗ್ರಾಫ್ ನೋಡಿ, ಬೇಡದ ಕಡೆ ಸಾವಿರ ಸಲ ನಡೆಯುತ್ತಿದ್ದ ಒಂದು ಹುಡುಕಾಟವನ್ನು ತೆಗೆದುಹಾಕಿ, ಪ್ರೋಗ್ರಾಮನ್ನು ದುಪ್ಪಟ್ಟು ವೇಗಗೊಳಿಸಬಹುದು. ಅಥವಾ ಯಾರೂ ನೋಡದೆಯೇ ಹೋಗಬಹುದು. ಇಂಥ ಲಾಭವನ್ನು ಶೇಕಡಾವಾರು ಬರೆದುಕೊಡಿ ಎನ್ನುವುದು ಅನ್ಯಾಯ. ಬರೆಯಲಾಗದ್ದನ್ನು ಖಂಡಿತ ಬರುತ್ತದೆ ಎಂದು ನಂಬಿ ಎನ್ನುವುದೂ ಅಷ್ಟೇ ಅನ್ಯಾಯ.

ಎಕ್ಸ್‌ಝಡ್ ಲೈಬ್ರರಿಯ ಕಳ್ಳಬಾಗಿಲು 2024ರ ಮಾರ್ಚಿನಲ್ಲಿ ಬಯಲಾದಾಗ ಈ ಆಯ್ಕೆಯ ಹೆಸರು ಯಾರೂ ನಿರೀಕ್ಷಿಸದ ಕಡೆ ಕೇಳಿಬಂತು. ಅದನ್ನು ಪತ್ತೆಹಚ್ಚಿದ ಆಂಡ್ರೆಸ್ ಫ್ರಾಯಂಡ್ ತಮ್ಮ ಪೋಸ್ಟ್‌ಗ್ರೆಸ್ ಪರೀಕ್ಷಾ ಯಂತ್ರಗಳಿಗೆಲ್ಲ ಒಂದೇ ಬಿಲ್ಡ್ ಸಂರಚನೆ ಇರಲೆಂದು ಫ್ರೇಮ್ ಪಾಯಿಂಟರ್ ಹಾಕಿದ್ದರು. ಮೊದಲು ಅದನ್ನು ಯಾಕೆ ಬಳಸಿದ್ದೆಂದು ಅವರಿಗೂ ನೆನಪಿರಲಿಲ್ಲ. ಕಳ್ಳಕೋಡು ಸ್ಟ್ಯಾಕ್ ಬೇರೆ ಆಕಾರದಲ್ಲಿರುತ್ತದೆಂದು ಎಣಿಸಿದ್ದರಿಂದ ಮೆಮೊರಿ ತಪ್ಪು ಹುಡುಕುವ ವ್ಯಾಲ್‌ಗ್ರಿಂಡ್ ತಕರಾರು ಎತ್ತಿತು; ಈ ಆಯ್ಕೆ ಇರದಿದ್ದರೆ ಎತ್ತುತ್ತಿರಲಿಲ್ಲ ಎಂದು ಅವರು ಆಮೇಲೆ ಹೇಳಿಕೊಂಡರು. ಆ ತಕರಾರು ನೆನಪಾದದ್ದೂ ಪತ್ತೆಗೆ ಒಂದು ಎಳೆಯಾಯಿತು. ಇದನ್ನು ಫ್ರೇಮ್ ಪಾಯಿಂಟರಿನ ಪರವಾದ ಸಾಕ್ಷ್ಯವೆಂದು ಹಿಡಿದರೆ ಆಕಸ್ಮಿಕಕ್ಕೆ ಹೆಚ್ಚು ಗೌರವ ಕೊಟ್ಟಂತಾಗುತ್ತದೆ.

ನನ್ನ ಒಲವು ಆಯ್ಕೆಯನ್ನು ಇಟ್ಟುಕೊಳ್ಳುವ ಕಡೆಗೇ. ಶೇಕಡಾ 1-2ರ ನಷ್ಟ ಸಾಧಾರಣ ಪ್ರಾಜೆಕ್ಟಿನಲ್ಲಿ ಗಮನಕ್ಕೆ ಬರುವುದಿಲ್ಲ. ಎಲ್ಲಿ ಹೊತ್ತು ಹೋಗುತ್ತಿದೆ ಎಂದು ಗೊತ್ತಿಲ್ಲದೆ ಕಳೆದುಕೊಳ್ಳುವುದು ಅದಕ್ಕಿಂತ ಬಹಳ ಹೆಚ್ಚು. ಆದರೆ ವಿಡಿಯೊ ಎನ್‌ಕೋಡರ್, ಇಂಟರ್‌ಪ್ರಿಟರ್ ಲೂಪ್, ಸಂಖ್ಯಾಗಣಿತದ ಒಳಸುತ್ತುಗಳನ್ನು ಬರೆಯುವವರಿಗೆ ನಾನು ಇದನ್ನು ಹೇರಲಾರೆ. ಸೀಮೇಕ್‌ನಲ್ಲಿ ಆಯ್ಕೆಯನ್ನು ಫೈಲ್ ಫೈಲಿಗೂ ಬೇರೆ ಮಾಡಬಹುದು. ಹಾಗೆ ಮಾಡುವವರು ತೆಗೆದ ಕಡೆ ಅಳತೆಯನ್ನೂ ತಾರೀಖನ್ನೂ ಪಕ್ಕದಲ್ಲಿ ಬರೆದಿಡಲಿ, ಕಂಪೈಲರಿನ ಮುಂದಿನ ಆವೃತ್ತಿ ಬಂದಾಗ ಮತ್ತೆ ಅಳೆಯಲಿ. ಅಳೆಯದೆ ತೆಗೆಯುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಬೇಡ ಎನ್ನುವವರ ಒಂದು ಅಂಜಿಕೆ ಇನ್ನೂ ಹಾಗೇ ನಿಂತಿದೆ: ತಾತ್ಕಾಲಿಕ ಎಂದು ಬಂದದ್ದು ತಳವೂರಿದರೆ ಒಳ್ಳೆಯ ಪರಿಹಾರಕ್ಕೆ ದುಡಿಯುವ ಉಮೇದು ಬತ್ತುತ್ತದೆ ಎಂಬುದು. ಆ ಪರಿಹಾರಕ್ಕೆ ಈಗ ಎಸ್‌ಫ್ರೇಮ್ ಎಂಬ ಹೆಸರಿದೆ. ಓಆರ್‌ಸಿಯ ಹಾಗೆ ಸರಳ ಕೋಷ್ಟಕ, ಹೊರಗಿನ ಪ್ರೋಗ್ರಾಮುಗಳಿಗೆ. 2023ರ ಜನವರಿಯ ಬಿನ್‌ಯುಟಿಲ್ಸ್ 2.40ರಲ್ಲಿ ಮೊದಲು ಬಂತು, ಅಂದರೆ ಫೆಡೋರಾದಲ್ಲಿ ಮತ ಬಿದ್ದ ತಿಂಗಳಲ್ಲೇ. ಅಸೆಂಬ್ಲರ್ ಪ್ರತಿ ಆಬ್ಜೆಕ್ಟ್ ಫೈಲಿಗೂ ತುಂಡು ಕೋಷ್ಟಕ ಬರೆಯಬೇಕು, ಲಿಂಕರ್ ಅವನ್ನೆಲ್ಲ ವಿಳಾಸದ ಕ್ರಮದಲ್ಲಿ ಹೊಲಿಯಬೇಕು, ಕರ್ನಲ್ ಅದನ್ನು ಓದಬೇಕು, ವಿತರಣೆಗಳು ಸಾವಿರಾರು ಪ್ಯಾಕೇಜುಗಳನ್ನು ಮತ್ತೆ ಕಟ್ಟಬೇಕು. ಇವಿಷ್ಟೂ ಆದ ಮೇಲೆ ಯಾರಾದರೂ ಬಂದು ಆರ್‌ಬಿಪಿಯನ್ನು ವಾಪಸ್ ಕೊಡಿ ಎಂದು ಕೇಳಿದರೆ, ಇಲ್ಲ ಎನ್ನಲು ನನ್ನ ಬಳಿ ವಾದವಿರುವುದಿಲ್ಲ.