ಲೆಕ್ಕಪುಸ್ತಕಕ್ಕೆ ಸಿಗದ ಸವಕಳಿ: ನಿರಂತರ ಆಯಾಸ ಮತ್ತು ನಮ್ಮ ಹೊಣೆ

ವರ್ಷಾಂತ್ಯದಲ್ಲಿ ಅಢಾವೆ ಪತ್ರಿಕೆಯನ್ನು ಸಿದ್ಧಪಡಿಸುವಾಗ ನಾವು ಯಂತ್ರಗಳಿಗೆ ಸವಕಳಿ ತೆಗೆಯುತ್ತೇವೆ, ಬಾರದ ಉದ್ರಿಯನ್ನು ನಷ್ಟಕ್ಕೆ ಬರೆಯುತ್ತೇವೆ, ದಾಸ್ತಾನಿನಲ್ಲಿ ಇಳಿದ ತೂಕವನ್ನೂ ಲೆಕ್ಕ ಹಿಡಿಯುತ್ತೇವೆ. ಆದರೆ ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ, ಗೋದಾಮಿನಲ್ಲಿ ದುಡಿಯುವ ಮನುಷ್ಯನ ದೇಹಕ್ಕೆ ಆಗುವ ಸವಕಳಿಗೆ ನಮ್ಮಲ್ಲಿ ಖಾತೆಯೇ ಇಲ್ಲ. ಜ್ವರ ಬಂದು ಮಲಗಿದವನಿಗೆ ರಜೆ ಕೊಡುತ್ತೇವೆ. ಜ್ವರವಿಲ್ಲದೆ, ನೋವಿಲ್ಲದೆ, ಕೇವಲ ‘ಸುಸ್ತು’ ಎನ್ನುವವನನ್ನು ಸೋಮಾರಿ ಎಂದು ಕರೆಯುತ್ತೇವೆ. ಈ ಅಭ್ಯಾಸವು ತಪ್ಪು ಮಾತ್ರವಲ್ಲ, ವ್ಯಾಪಾರದ ದೃಷ್ಟಿಯಿಂದಲೂ ನಷ್ಟದಾಯಕ ಎಂಬುದನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಈ ಮಾತನ್ನು ನಾನು ಅನ್ಯರಿಗೆ ಉಪದೇಶವಾಗಿ ಹೇಳುತ್ತಿಲ್ಲ. ತಪ್ಪು ಮಾಡಿದವನು ನಾನೇ. ನಮ್ಮ ದಲಾಲಿ ಅಂಗಡಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕಿರ್ದಿ ಖಾತೆ ನೋಡಿಕೊಂಡ ಗುಮಾಸ್ತರೊಬ್ಬರಿದ್ದಾರೆ. ಅವರ ಲೆಕ್ಕದಲ್ಲಿ ಒಂದು ರೂಪಾಯಿಯ ವ್ಯತ್ಯಾಸ ಕಂಡವರಿಲ್ಲ. ಕೆಲ ವರ್ಷಗಳ ಹಿಂದೆ ಅವರ ಕೆಲಸದಲ್ಲಿ ತಪ್ಪುಗಳು ಕಾಣಿಸತೊಡಗಿದವು. ಒಬ್ಬ ರೈತನ ಪಟ್ಟಿಯ ಮೊತ್ತ ಇನ್ನೊಬ್ಬನ ಖಾತೆಗೆ ಹೋಯಿತು. ಮಧ್ಯಾಹ್ನ ಮೂರರ ನಂತರ ಗಾದಿಗೆ ಒರಗಿಕೊಂಡು ಕಣ್ಣು ಮುಚ್ಚುತ್ತಿದ್ದರು. ಕೇಳಿದರೆ, “ಸಾಹುಕಾರರೇ, ರಾತ್ರಿಯೆಲ್ಲ ಮಲಗಿದರೂ ದಣಿವು ಹೋಗುತ್ತಿಲ್ಲ” ಎನ್ನುತ್ತಿದ್ದರು. “ರಾಯರೇ, ವಯಸ್ಸಾಯಿತು, ಇನ್ನು ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಿ” ಎಂದು ನಾಲ್ಕು ಜನರ ಎದುರಿನಲ್ಲಿ ನಾನು ಹೇಳಿಬಿಟ್ಟೆ. ಅವರು ಮರುಮಾತಾಡಲಿಲ್ಲ. ಮುಂದಿನ ದೀಪಾವಳಿಯ ಹೊತ್ತಿಗೆ ಹೊಸ ಗುಮಾಸ್ತರನ್ನು ನೇಮಿಸಿಕೊಳ್ಳುವುದೆಂದು ನಾನು ಮನಸ್ಸಿನಲ್ಲಿಯೇ ನಿಶ್ಚಯಿಸಿದ್ದೆ. ಆ ಕಥೆ ಹೇಗೆ ಮುಗಿಯಿತೆಂಬುದನ್ನು ಮುಂದೆ ನಿವೇದಿಸುತ್ತೇನೆ.

ರಕ್ತದಲ್ಲಿಯೇ ಇರುವ ಕೊರತೆ

ಆರೋಗ್ಯವಂತರಂತೆ ಕಾಣುವವರನ್ನು ಕಾಡುವ ಆಯಾಸದ ಕಾರಣಗಳಲ್ಲಿ ನಮ್ಮ ದೇಶದ ಮಟ್ಟಿಗೆ ಮೊದಲು ಹೇಳಬೇಕಾದುದು ರಕ್ತಹೀನತೆ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದೊಳಗಿನ ಭಾರತೀಯ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ, ಅದೇ ವಯಸ್ಸಿನ ಪುರುಷರಲ್ಲಿ ಶೇಕಡಾ 25ರಷ್ಟು ಮಂದಿಗೆ ರಕ್ತಹೀನತೆಯಿದೆ. ಕರ್ನಾಟಕದ ಮಹಿಳೆಯರಲ್ಲಿಯೂ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಸ್ಥಿತಿ ಇದೇ. ಹೊಲಿಗೆ ಯಂತ್ರದ ಮುಂದೆ ಕುಳಿತವರು, ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಂತವರು, ಕಾಳು ಆರಿಸುವವರು ಈ ಅಂಕಿಸಂಖ್ಯೆಯೊಳಗೇ ಇದ್ದಾರೆ. ಇವರಲ್ಲಿ ಅನೇಕರಿಗೆ ತಾವು ರೋಗಿಗಳೆಂಬ ಅರಿವೇ ಇಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಗೆ ತಲೆ ಸುತ್ತು, ಇವೆಲ್ಲ ಬಾಳಿನ ಸಹಜ ಭಾಗವೆಂದು ಅವರು ಒಪ್ಪಿಕೊಂಡಿದ್ದಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ರಕ್ತದ ಪ್ರತಿ ಡೆಸಿಲೀಟರಿನಲ್ಲಿ ಹಿಮೋಗ್ಲೋಬಿನ್ ಪ್ರಮಾಣವು ಪುರುಷರಲ್ಲಿ 13 ಗ್ರಾಂ, ಗರ್ಭಿಣಿಯರಲ್ಲದ ಮಹಿಳೆಯರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಹಿಮೋಗ್ಲೋಬಿನ್ ಇಳಿಯುವ ಮೊದಲೇ ದೇಹದ ಕಬ್ಬಿಣಾಂಶದ ಸಂಗ್ರಹ ಬರಿದಾಗುವುದುಂಟು. ಆ ಹಂತದಲ್ಲಿಯೂ ಆಯಾಸ ಕಾಣಿಸಿಕೊಳ್ಳಬಹುದು. ಫೆರಿಟಿನ್ ಎಂಬ ಪರೀಕ್ಷೆ ಅದನ್ನು ತಿಳಿಸುತ್ತದೆ. ಊಟವಾದ ಕೂಡಲೇ ಚಹಾ ಕುಡಿಯುವ ನಮ್ಮ ಪದ್ಧತಿಯು ಆಹಾರದ ಕಬ್ಬಿಣಾಂಶವು ಮೈಗೂಡದಂತೆ ತಡೆಯುತ್ತದೆ. ಊಟದೊಡನೆ ನಿಂಬೆರಸವನ್ನೋ ನೆಲ್ಲಿಕಾಯಿಯನ್ನೋ ಸೇವಿಸಿದರೆ ಅದು ಚೆನ್ನಾಗಿ ಮೈಗೂಡುತ್ತದೆ. ಪುರುಷರಲ್ಲಿ ಕಬ್ಬಿಣಾಂಶದ ಕೊರತೆ ಕಂಡುಬಂದರೆ ಕೇವಲ ಮಾತ್ರೆ ನುಂಗಿ ಸುಮ್ಮನಾಗಬಾರದು. ಮೂಲವ್ಯಾಧಿ, ಹೊಟ್ಟೆಯ ಹುಣ್ಣು, ನೋವಿನ ಮಾತ್ರೆಗಳ ನಿರಂತರ ಸೇವನೆ ಅಥವಾ ಕರುಳಿನ ಗಂಭೀರ ರೋಗದಿಂದ ರಕ್ತ ಒಳಗೊಳಗೇ ಸೋರುತ್ತಿರಬಹುದು.

ಇದಕ್ಕೂ ಉತ್ಪಾದನೆಗೂ ಏನು ಸಂಬಂಧ ಎಂದು ಕೇಳುವವರಿಗೆ ಒಂದು ಹಳೆಯ ಉದಾಹರಣೆಯಿದೆ. ಇಂಡೋನೇಷ್ಯಾದ ರಬ್ಬರ್ ತೋಟಗಳ ಕಾರ್ಮಿಕರ ಮೇಲೆ ನಡೆದು 1979ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತಹೀನತೆಯುಳ್ಳ ಕಾರ್ಮಿಕರಿಗೆ ಸುಮಾರು ಎರಡು ತಿಂಗಳು ಕಬ್ಬಿಣಾಂಶದ ಮಾತ್ರೆ ನೀಡಲಾಯಿತು. ಅವರು ಸಂಗ್ರಹಿಸುವ ರಬ್ಬರ್ ಹಾಲಿನ ಪ್ರಮಾಣವು ಹೆಚ್ಚಿ, ರಕ್ತಹೀನತೆಯಿಲ್ಲದವರ ಸಮಕ್ಕೆ ಹೆಚ್ಚುಕಡಿಮೆ ತಲುಪಿತು. ಬೈಗುಳದಿಂದ ಆಗದ ಕೆಲಸ ಅಲ್ಪ ಬೆಲೆಯ ಮಾತ್ರೆಯಿಂದ ಆಯಿತು.

ಗುಮಾಸ್ತರ ಕಥೆಯ ಉಳಿದ ಭಾಗ

ನಮ್ಮ ರಾಯರ ಹಿಮೋಗ್ಲೋಬಿನ್ ತೀರ ಕಡಿಮೆಯಿರಲಿಲ್ಲ. ಅವರು ಕಟ್ಟಾ ಸಸ್ಯಾಹಾರಿಗಳು. ಮೇಲಾಗಿ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ಸೇವಿಸುತ್ತಿದ್ದರು. ಪಾದಗಳಲ್ಲಿ ಜೋಮು ಹಿಡಿಯುವುದನ್ನು ಸಕ್ಕರೆ ಕಾಯಿಲೆಯ ಪರಿಣಾಮವೆಂದೇ ಎಲ್ಲರೂ ತಿಳಿದಿದ್ದರು. ಅವರ ಮಗಳು ಒತ್ತಾಯಿಸಿ ಬೇರೊಬ್ಬ ವೈದ್ಯರ ಬಳಿಗೆ ಕರೆದೊಯ್ದಾಗ ವಿಟಮಿನ್ ಬಿ12 ಅತ್ಯಂತ ಕೆಳಮಟ್ಟದಲ್ಲಿರುವುದು ತಿಳಿಯಿತು.

ಈ ಜೀವಸತ್ವವು ಸ್ವಾಭಾವಿಕವಾಗಿ ಮಾಂಸ, ಮೀನು, ಮೊಟ್ಟೆ, ಹಾಲು ಮುಂತಾದ ಪ್ರಾಣಿಜನ್ಯ ಆಹಾರದಿಂದ ದೊರೆಯುತ್ತದೆ. ಕಾಳು, ಸೊಪ್ಪು, ರೊಟ್ಟಿಗಳಿಂದ ದೊರೆಯುವುದಿಲ್ಲ. ಹಾಲು ಮೊಸರು ಕಡಿಮೆ ಬಳಸುವ ಸಸ್ಯಾಹಾರಿಗಳಲ್ಲಿ ಕೊರತೆ ಸಾಮಾನ್ಯ. ಮೆಟ್‌ಫಾರ್ಮಿನ್ ಮಾತ್ರೆಯನ್ನಾಗಲಿ, ಎದೆಯುರಿಗೆಂದು ನುಂಗುವ ಆಮ್ಲ ತಗ್ಗಿಸುವ ಮಾತ್ರೆಗಳನ್ನಾಗಲಿ ದೀರ್ಘಕಾಲ ಸೇವಿಸಿದರೆ ಬಿ12 ದೇಹಕ್ಕೆ ಹಿಡಿಯುವ ಪ್ರಮಾಣ ತಗ್ಗುತ್ತದೆ. ಯಕೃತ್ತಿನಲ್ಲಿ ವರ್ಷಗಟ್ಟಲೆಗೆ ಸಾಲುವಷ್ಟು ಸಂಗ್ರಹವಿರುವುದರಿಂದ ಕೊರತೆ ನಿಧಾನವಾಗಿ ಬರುತ್ತದೆ. ಆದ್ದರಿಂದಲೇ ಅದನ್ನು ವಯಸ್ಸಿನ ದೋಷವೆಂದು ತಿಳಿಯುತ್ತೇವೆ. ಆಯಾಸ, ಮರೆವು, ಕಾಲಿನ ಜೋಮು ಇದರ ಲಕ್ಷಣಗಳು. ಹೆಚ್ಚು ಕಾಲ ಉಪೇಕ್ಷಿಸಿದರೆ ನರಗಳಿಗೆ ಆಗುವ ಹಾನಿ ಪೂರ್ತಿ ಸರಿಹೋಗದೆ ಉಳಿಯಬಹುದು. ಕೇವಲ ಫೋಲಿಕ್ ಆಮ್ಲವಿರುವ ಟಾನಿಕ್ ಕುಡಿದರೆ ರಕ್ತದ ಚಿತ್ರ ಸುಧಾರಿಸಿದಂತೆ ಕಂಡು, ನರಗಳ ಹಾನಿ ಮಾತ್ರ ಒಳಗೆ ಮುಂದುವರಿಯುವ ಅಪಾಯವೂ ಉಂಟು.

ರಾಯರಿಗೆ ಮೊದಲು ಇಂಜೆಕ್ಷನ್, ಆಮೇಲೆ ಮಾತ್ರೆ ಕೊಟ್ಟರು. ಕೆಲವು ತಿಂಗಳುಗಳಲ್ಲಿ ಅವರ ಲೆಕ್ಕ ಮೊದಲಿನಂತಾಯಿತು. ಪಾದದ ಜೋಮು ಮಾತ್ರ ಸ್ವಲ್ಪ ಉಳಿದಿದೆ. ನಾನು ಅವರನ್ನು ನಾಲ್ಕು ಜನರ ಎದುರು ಅವಮಾನಿಸಿದ ದಿನವೇ ಪರೀಕ್ಷೆಗೆ ಕಳುಹಿಸಿದ್ದರೆ ಅದೂ ಉಳಿಯುತ್ತಿರಲಿಲ್ಲವೇನೋ ಎಂಬ ಅಳುಕು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಉಳಿದ ಕಾರಣಗಳು

ಥೈರಾಯ್ಡ್ ಗ್ರಂಥಿಯ ಮಂದತೆ ಇನ್ನೊಂದು ಸಾಮಾನ್ಯ ಕಾರಣ. ಇದು ಮಹಿಳೆಯರಲ್ಲಿ ಹೆಚ್ಚು. ಆಯಾಸದೊಡನೆ ತೂಕ ಏರುವುದು, ಚಳಿ ತಡೆಯಲಾಗದಿರುವುದು, ಚರ್ಮ ಒಣಗುವುದು, ಮಲಬದ್ಧತೆ ಇದ್ದರೆ ಟಿಎಸ್‌ಎಚ್ ಪರೀಕ್ಷೆ ಅಗತ್ಯ. ಸಕ್ಕರೆ ಕಾಯಿಲೆಯೂ ಹಲವರಲ್ಲಿ ಮೊದಲು ಸುಸ್ತಿನ ರೂಪದಲ್ಲಿಯೇ ಕಾಣಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಈ ಕಾಯಿಲೆಯಿದೆ. ದಿನವಿಡೀ ಗಾದಿಯ ಮೇಲೆ ಕೂರುವ ನಮ್ಮ ವೃತ್ತಿಯವರು ಈ ವಿಷಯದಲ್ಲಿ ಎಚ್ಚರವಾಗಿರುವುದು ಒಳಿತು.

ನಿದ್ರೆಯ ವಿಷಯಕ್ಕೆ ಬಂದರೆ, ವಯಸ್ಕರಿಗೆ ಏಳು ಗಂಟೆಗಳ ನಿದ್ರೆಯಾದರೂ ಬೇಕು. ಆದರೆ ಎಷ್ಟು ಹೊತ್ತು ಮಲಗಿದ್ದೆವು ಎಂಬುದಷ್ಟೇ ಸಾಲದು. ಜೋರಾಗಿ ಗೊರಕೆ ಹೊಡೆಯುವವರಲ್ಲಿ ಕೆಲವರಿಗೆ ರಾತ್ರಿ ಪದೇ ಪದೇ ಉಸಿರು ಕಟ್ಟಿ ನಿದ್ರೆ ಒಡೆಯುತ್ತಿರುತ್ತದೆ. ಬೆಳಗಿಗೆ ಅವರಿಗೆ ಅದರ ನೆನಪಿರುವುದಿಲ್ಲ. ಸ್ಲೀಪ್ ಆಪ್ನಿಯಾ ಎಂದು ಕರೆಯುವ ಈ ತೊಂದರೆಯನ್ನು ಮೊದಲು ಗಮನಿಸುವವರು ಸಾಮಾನ್ಯವಾಗಿ ಮನೆಯವರೇ. ಗೊರಕೆಯನ್ನು ನಾವು ಸುಖನಿದ್ರೆಯ ಗುರುತೆಂದು ನಗೆಯಾಡುತ್ತೇವೆ. ನಮ್ಮ ಸರಕು ಹೊತ್ತ ಲಾರಿಯ ಚಾಲಕನಿಗೆ ಹಗಲಿನಲ್ಲಿ ತೂಕಡಿಕೆ ಬಂದರೆ ಅದು ನಗೆಯ ಮಾತಲ್ಲ. ಸಂಜೆಯ ನಂತರದ ಚಹಾ ಕಾಫಿ ಹಾಗೂ ಮದ್ಯಪಾನಗಳೂ ನಿದ್ರೆಯ ಗುಣವನ್ನು ಕೆಡಿಸುತ್ತವೆ.

ಮನಸ್ಸಿನ ಭಾರವೂ ದೇಹದ ಆಯಾಸವಾಗಿ ಕಾಣಿಸಿಕೊಳ್ಳುತ್ತದೆ. ಬಾರದ ಬಾಕಿ, ಬ್ಯಾಂಕಿನ ಕಂತು, ಪ್ರತಿ ತಿಂಗಳ 11 ಮತ್ತು 20ರಂದು ಸಲ್ಲಿಸಬೇಕಾದ ಜಿಎಸ್‌ಟಿ ವಿವರಪಟ್ಟಿಗಳ ಚಿಂತೆ ನಮ್ಮಲ್ಲಿ ಯಾರಿಗಿಲ್ಲ? ವ್ಯಾಪಾರಸ್ಥನು ‘ನನಗೆ ಖಿನ್ನತೆಯಾಗಿದೆ’ ಎಂದು ಹೇಳುವುದಿಲ್ಲ. ‘ಮೈಯಲ್ಲಿ ಕಸುವಿಲ್ಲ’ ಎನ್ನುತ್ತಾನೆ. ಮೊದಲು ಇಷ್ಟಪಡುತ್ತಿದ್ದ ಯಾವುದರಲ್ಲಿಯೂ ಎರಡು ವಾರಗಳಿಗೂ ಮೀರಿ ಆಸಕ್ತಿ ಇಲ್ಲದಿದ್ದರೆ ವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ರೋಗವಲ್ಲದ ಆಯಾಸ

ಇಷ್ಟು ಹೇಳಿದ ಮೇಲೆ, ಅಪ್ರಿಯವಾದರೂ ಇನ್ನೊಂದು ಮಾತನ್ನು ಹೇಳಲೇಬೇಕು. ಎಷ್ಟೋ ಜನರ ಪರೀಕ್ಷೆಗಳೆಲ್ಲ ಸರಿಯಾಗಿಯೇ ಬರುತ್ತವೆ. ಆಗ ದೋಷವನ್ನು ಅವರ ರಕ್ತದಲ್ಲಿ ಹುಡುಕದೆ ನಮ್ಮ ವ್ಯವಸ್ಥೆಯಲ್ಲಿ ಹುಡುಕಬೇಕಾಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಬಂದ ಹುಡುಗ ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ ಹೋದರೆ, ವಾರದ ರಜೆ ಹಬ್ಬದ ಸೀಜನ್ನಿನಲ್ಲಿ ಮಾಯವಾದರೆ, ಆ ದಣಿವಿಗೆ ಯಾವ ಮಾತ್ರೆಯೂ ಇಲ್ಲ. ತಗಡಿನ ಮಾಡಿನ ಕೆಳಗೆ ಏಪ್ರಿಲ್ ತಿಂಗಳ ಸೆಕೆಯಲ್ಲಿ ದುಡಿಯುವವರಿಗೆ ಕುಡಿಯುವ ನೀರು ಕೈಗೆಟಕುವಂತಿರಬೇಕು. ಶುಚಿಯಾದ ಶೌಚಾಲಯವಿಲ್ಲದ ಕಡೆ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ತಲೆನೋವು, ಸುಸ್ತು, ಮೂತ್ರದ ಸೋಂಕು ಅದರ ಫಲ. ಮನೆಯಲ್ಲಿ ನಸುಕಿನ ಐದಕ್ಕೆದ್ದು ಅಡುಗೆ ಮುಗಿಸಿ ಬಂದವರ ದುಡಿಮೆ ನಮ್ಮ ಹಾಜರಿ ಪುಸ್ತಕದಲ್ಲಿ ದಾಖಲಾಗುವುದಿಲ್ಲ ಎಂಬುದನ್ನೂ ನೆನೆಯಬೇಕು.

ಸಣ್ಣ ವ್ಯಾಪಾರಸ್ಥನಿಗೆ ಇದೆಲ್ಲ ಹೊರೆಯಲ್ಲವೇ ಎಂಬ ಪ್ರಶ್ನೆ ಸಹಜ. ಹೊರೆ ಹೌದು. ಆದರೆ ಅನುಭವಿಯಾದ ಕೆಲಸಗಾರನನ್ನು ಕಳೆದುಕೊಂಡು ಹೊಸಬನಿಗೆ ಕೆಲಸ ಕಲಿಸುವ ವೆಚ್ಚದೊಡನೆ ಹೋಲಿಸಿದರೆ ಒಂದು ಸಾಮಾನ್ಯ ರಕ್ತಪರೀಕ್ಷೆಯ ವೆಚ್ಚ ನಗಣ್ಯ. ಇಎಸ್‌ಐ ವ್ಯಾಪ್ತಿಯಲ್ಲಿರುವ ಸದಸ್ಯರು 2019ರ ಜುಲೈನಿಂದ ಜಾರಿಯಲ್ಲಿರುವ ದರದಂತೆ ವೇತನದ ಶೇಕಡಾ 3.25ರಷ್ಟನ್ನು ತುಂಬುತ್ತಿದ್ದಾರೆ, ನೌಕರರು ಶೇಕಡಾ 0.75ರಷ್ಟನ್ನು ತುಂಬುತ್ತಾರೆ. ಹಣ ಕಟ್ಟಿದ ಮೇಲೆ ಆ ಸೌಲಭ್ಯವನ್ನು ಬಳಸುವಂತೆ ನೌಕರರಿಗೆ ಅರ್ಧ ದಿನದ ಬಿಡುವು ಕೊಡದಿರುವುದು ಯಾವ ಲೆಕ್ಕಾಚಾರ? 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪೈಕಿ ಸುರಕ್ಷತೆ ಮತ್ತು ಆರೋಗ್ಯಕ್ಕೆ ಸಂಬಂಧಿಸಿದ 2020ರ ಸಂಹಿತೆಯು, ನಿಯಮಗಳಲ್ಲಿ ಗೊತ್ತುಪಡಿಸಿದ ವಯಸ್ಸಿನ ಅಥವಾ ವರ್ಗದ ನೌಕರರಿಗೆ ಉಚಿತ ವಾರ್ಷಿಕ ಆರೋಗ್ಯ ತಪಾಸಣೆಯನ್ನು ಮಾಲೀಕರ ಕರ್ತವ್ಯವೆಂದು ಹೇಳಿದೆ. ಕಾನೂನು ಬಾಗಿಲಿಗೆ ಬಂದು ಕೇಳುವ ಮೊದಲೇ ನಾವಾಗಿ ಮಾಡಿದರೆ ಅದಕ್ಕೆ ಬೇರೆಯೇ ಗೌರವವಿದೆ.

ಸಂಸ್ಥೆಯ ಮುಂದೆ ಕೆಲವು ಸಲಹೆಗಳು

ಒಂದು: ನಮ್ಮ ವಾಣಿಜ್ಯ ಸಂಸ್ಥೆಯು ವರ್ಷಕ್ಕೊಮ್ಮೆ, ಮಾರ್ಚ್ ಲೆಕ್ಕ ಮುಗಿದ ನಂತರದ ಬಿಡುವಿನಲ್ಲಿ, ಸದಸ್ಯರಿಗೂ ಅವರ ನೌಕರರಿಗೂ ಹಮಾಲರಿಗೂ ಒಂದೇ ಸಾಲಿನಲ್ಲಿ ತಪಾಸಣಾ ಶಿಬಿರ ನಡೆಸಬೇಕು. ಹಿಮೋಗ್ಲೋಬಿನ್, ಸಕ್ಕರೆ, ರಕ್ತದೊತ್ತಡ ಇಷ್ಟಾದರೆ ಆರಂಭಕ್ಕೆ ಸಾಕು. ಬಿ12, ಥೈರಾಯ್ಡ್ ಮುಂತಾದವು ವೈದ್ಯರು ಅಗತ್ಯವೆಂದವರಿಗೆ ಮಾತ್ರ. ಜಾಹೀರಾತಿನ ಪ್ಯಾಕೇಜುಗಳಿಗೆ ಮರುಳಾಗಬೇಕಿಲ್ಲ.

ಎರಡು: ಪರೀಕ್ಷೆಯ ಫಲಿತಾಂಶವು ನೌಕರನ ಕೈಗೆ ಮಾತ್ರ ಸೇರಬೇಕು. ಮಾಲೀಕನ ಮೇಜಿಗೆ ಬಂದರೆ ಮುಂದಿನ ವರ್ಷ ಯಾರೂ ರಕ್ತ ಕೊಡಲು ಬರುವುದಿಲ್ಲ.

ಮೂರು: ಊಟ ಮತ್ತು ಚಹಾದ ವೇಳೆಯ ನಡುವೆ ಒಂದು ಗಂಟೆಯಾದರೂ ಅಂತರವಿಡುವುದು, ವಾರದ ರಜೆಯನ್ನು ತಪ್ಪದೆ ಕೊಡುವುದು, ಕುಡಿಯುವ ನೀರು ಮತ್ತು ಶೌಚಾಲಯದ ವ್ಯವಸ್ಥೆ ಮಾಡುವುದು. ಇವುಗಳಲ್ಲಿ ಯಾವುದಕ್ಕೂ ಸಭೆಯ ಠರಾವು ಬೇಕಿಲ್ಲ.

ಆಯಾಸದೊಡನೆ ಕಾರಣವಿಲ್ಲದೆ ತೂಕ ಇಳಿಯುವುದು, ಸಂಜೆಯ ಜ್ವರ, ಎರಡು ವಾರ ಮೀರಿದ ಕೆಮ್ಮು, ಮಲದಲ್ಲಿ ರಕ್ತ, ಎದೆನೋವು ಅಥವಾ ಏದುಸಿರು ಕಂಡರೆ ಶಿಬಿರಕ್ಕಾಗಿ ಕಾಯದೆ ತಕ್ಷಣ ವೈದ್ಯರ ಬಳಿಗೆ ಕಳುಹಿಸಬೇಕೆಂಬುದನ್ನು ಪ್ರತಿಯೊಬ್ಬ ಸದಸ್ಯರೂ ನೆನಪಿನಲ್ಲಿಡುವುದು ಅಗತ್ಯ.

ರಾಯರು ಈಗಲೂ ನಮ್ಮ ಅಂಗಡಿಯಲ್ಲಿಯೇ ಇದ್ದಾರೆ. ನಾನು ಅವರ ಕ್ಷಮೆ ಕೇಳಿದಾಗ ಅವರು ಕನ್ನಡಕ ಸರಿಪಡಿಸಿಕೊಂಡು, “ಹೋಗಲಿ ಬಿಡಿ ಸಾಹುಕಾರರೇ, ಆ ರೈತನ ಪಟ್ಟಿ ತಿದ್ದಿಯಾಯಿತು” ಎಂದಷ್ಟೇ ಹೇಳಿದರು. ನಿಮ್ಮ ಅಂಗಡಿಯಲ್ಲಿಯೂ ಹೀಗೆ ಮೌನವಾಗಿ ದಣಿದಿರುವವರು ಒಬ್ಬರಾದರೂ ಇರಬಹುದು. ನಾಳೆ ಬಾಗಿಲು ತೆರೆದ ಮೇಲೆ ಅವರನ್ನು ಪಕ್ಕಕ್ಕೆ ಕರೆದು ಒಮ್ಮೆ ವಿಚಾರಿಸಬೇಕೆಂಬುದು ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ.