ಬಳಪದ ಬೆಲೆ

ಅಕ್ಷರಾಭ್ಯಾಸಕ್ಕೆ ಕುಳಿತ ಮಗುವಿನ ಕೈಗೆ ಹಿರಿಯರು ಅಕ್ಕರೆಯಿಂದ ಇಡುತ್ತಿದ್ದ ಮೊದಲ ವಸ್ತು ಬಳಪ. ಕಪ್ಪು ಹಲಗೆಯ ಮೇಲೆ ಅದು ಎಳೆದ ಬಿಳಿಯ ಗೆರೆಯೇ ಅನೇಕ ತಲೆಮಾರುಗಳ ಪಾಲಿಗೆ ವಿದ್ಯೆಯ ಹೆಬ್ಬಾಗಿಲಾಗಿದ್ದಿತು. ಅಷ್ಟು ಉಪಕಾರ ಮಾಡಿದ ಆ ವಸ್ತುವಿನ ಬೆಲೆ ಎಷ್ಟು? ಅಂಗಡಿಯಲ್ಲಿ ಕೆಲವೇ ಕಾಸು. ಮುರಿದರೆ ಮರುಗುವವರಿಲ್ಲ, ಕಳೆದರೆ ಹುಡುಕುವವರಿಲ್ಲ. ಆದರೆ ಅಂಗಡಿಯವನು ಪಡೆದ ಕಾಸಿಗೂ ಆ ಬಳಪಕ್ಕಾಗಿ ಕಣ್ಣಿಗೆ ಕಾಣದ ದೂರದಲ್ಲಿ ಕೆಲವರು ತೆತ್ತ ಬೆಲೆಗೂ ಅಜಗಜಾಂತರವಿದೆ. ಅವರು ಅದನ್ನು ತೆತ್ತುದು ಹಣದಿಂದಲ್ಲ, ತಮ್ಮ ಉಸಿರಿನಿಂದ.

ಮಧ್ಯಪ್ರದೇಶದ ಮಂದಸೌರ್ ಜಿಲ್ಲೆಯು ಸ್ಲೇಟುಬಳಪದ ಕೈಗಾರಿಕೆಗೆ ಹೆಸರಾದ ಪ್ರದೇಶ. ಅಲ್ಲಿ ನೆಲದಿಂದ ಪದರುಕಲ್ಲನ್ನು ಅಗೆದು ತೆಗೆದು, ವಿದ್ಯುತ್ತಿನಿಂದ ತಿರುಗುವ ಗರಗಸಗಳಿಗೆ ಒಡ್ಡಿ, ಸಣ್ಣ ಸಣ್ಣ ಕಡ್ಡಿಗಳಾಗಿ ಕೊಯ್ಯುತ್ತಿದ್ದರು. ಗರಗಸವು ಕಲ್ಲನ್ನು ಮುಟ್ಟಿದೊಡನೆ ಮಂಜು ಕವಿದಂತೆ ಧೂಳು ಏಳುತ್ತಿದ್ದಿತು. ಆ ಧೂಳಿನ ನಡುವೆಯೇ ಕುಳಿತು ದಿನವಿಡೀ ದುಡಿದವರನ್ನು ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿ, 1985ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಪರೀಕ್ಷೆಗೆ ಒಳಗಾದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಶ್ವಾಸಕೋಶಗಳನ್ನು ಸಿಲಿಕೋಸಿಸ್ ಎಂಬ ರೋಗವು ಹಿಡಿದಿದ್ದಿತು. ಮಕ್ಕಳ ಕೈಗೆ ಅಕ್ಷರವನ್ನು ಕೊಟ್ಟವರು ತಾವು ಮಾತ್ರ ಕೆಮ್ಮನ್ನು ಪಡೆದರು. ಆ ರಾಜ್ಯದ ಸರ್ಕಾರವು ಅಂತಹ ಕಾರ್ಮಿಕರಿಗಾಗಿಯೇ ಕಲ್ಯಾಣನಿಧಿಯೊಂದನ್ನು ಕಾನೂನಿನ ಮೂಲಕ ಏರ್ಪಡಿಸಿತು. ಅದು ಒಳ್ಳೆಯ ಕೆಲಸವೇ ಸರಿ. ಆದರೆ ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ ಎಂಬ ಗಾದೆಯನ್ನು ಇಂತಹ ನಿಧಿಗಳು ನೆನಪಿಗೆ ತಾರದಿರವು.

ಈ ರೋಗಕ್ಕೆ ಮೂಲವಾದ ಸಿಲಿಕಾ ಅಪರೂಪದ ವಿಷವೇನೂ ಅಲ್ಲ. ಮರಳು, ಬೆಣಚುಕಲ್ಲು, ಗ್ರಾನೈಟ್, ಮರಳುಗಲ್ಲು ಮುಂತಾದವುಗಳಲ್ಲೆಲ್ಲ ಅದು ಹೇರಳವಾಗಿದೆ. ಬಂಡೆಯು ಬಂಡೆಯಾಗಿ ಇರುವವರೆಗೆ ಯಾರಿಗೂ ಕೇಡಿಲ್ಲ. ಅದನ್ನು ಕೊರೆದಾಗ, ಒಡೆದಾಗ, ಉಜ್ಜಿದಾಗ ಏಳುವ ಧೂಳಿನಲ್ಲಿ ಅಪಾಯ ಅಡಗಿದೆ. ಕಣ್ಣಿಗೆ ಕಾಣುವ ದಪ್ಪ ಕಣಗಳನ್ನು ಮೂಗು ಮತ್ತು ಗಂಟಲು ಬಹುಮಟ್ಟಿಗೆ ತಡೆಯುತ್ತವೆ. ಕೂದಲೆಳೆಯ ದಪ್ಪದ ಹತ್ತರಲ್ಲೊಂದು ಪಾಲಿಗಿಂತಲೂ ಕಿರಿದಾದ ಕಣಗಳಾದರೋ ಯಾವ ತಡೆಗೂ ಸಿಕ್ಕದೆ ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡುಗಳನ್ನು ತಲಪುತ್ತವೆ. ಅಲ್ಲಿ ಕಾವಲಿರುವ ರಕ್ಷಕ ಕೋಶಗಳು ಆ ಹರಳುಗಳನ್ನು ನುಂಗುತ್ತವೆ. ಆದರೆ ಅರಗಿಸಿಕೊಳ್ಳಲಾರದೆ ತಾವೇ ಸಾಯುತ್ತವೆ. ಸತ್ತ ಕೋಶದಿಂದ ಹೊರಬಿದ್ದ ಹರಳು ಮತ್ತೊಂದು ಕೋಶವನ್ನು ಕೊಲ್ಲುತ್ತದೆ. ಹೀಗೆ ಉರಿಯೂತವು ನಿಲ್ಲದೆ ಮುಂದುವರಿದು, ಗಾಯ ಮಾದ ಜಾಗವೆಲ್ಲ ಗಡುಸಾದ ಕಲೆಯಾಗಿ, ಅರಳಬೇಕಾದ ಶ್ವಾಸಕೋಶವು ಬಿಗಿದುಕೊಳ್ಳುತ್ತದೆ. ಕ್ಷಯರೋಗವು ಇಂತಹ ಶ್ವಾಸಕೋಶವನ್ನು ಬೇಗನೆ ಹೊಕ್ಕುತ್ತದೆ. ಒಮ್ಮೆ ಗಡುಸಾದುದನ್ನು ಮತ್ತೆ ಮೃದುವಾಗಿಸುವ ಔಷಧಿ ಇಂದಿಗೂ ಇಲ್ಲ.

ಇದು ನಿನ್ನೆ ಮೊನ್ನೆ ತಿಳಿದ ವಿಷಯವಲ್ಲ. 1556ರಲ್ಲಿ ಪ್ರಕಟವಾದ ಗಣಿಗಾರಿಕೆಯ ಗ್ರಂಥವೊಂದರಲ್ಲಿ ಜರ್ಮನಿಯ ವಿದ್ವಾಂಸ ಅಗ್ರಿಕೋಲನು ಕಾರ್ಪೇಥಿಯನ್ ಪರ್ವತಗಳ ಗಣಿಗಳ ಸಂಗತಿಯನ್ನು ಬರೆದಿದ್ದಾನೆ. ಧೂಳಿನ ರೋಗವು ಗಂಡಂದಿರನ್ನು ಒಬ್ಬೊಬ್ಬರಾಗಿ ಕೊಂಡೊಯ್ದ ಕಾರಣ ಏಳು ಬಾರಿ ಮದುವೆಯಾದ ಹೆಂಗಸರು ಅಲ್ಲಿ ಇದ್ದರಂತೆ. 1700ರಲ್ಲಿ ಇಟಲಿಯ ವೈದ್ಯ ರಮಾಜಿನಿಯು ಕಸುಬುದಾರರ ರೋಗಗಳನ್ನು ಕುರಿತು ಗ್ರಂಥ ರಚಿಸಿ, ಕಲ್ಲುಕುಟಿಗರ ಬವಣೆಯನ್ನೂ ಅದರಲ್ಲಿ ಸೇರಿಸಿದನು. ವೈದ್ಯನಾದವನು ರೋಗಿಯನ್ನು ಕೇಳುವ ಇತರ ಪ್ರಶ್ನೆಗಳೊಡನೆ ಅವನ ಉದ್ಯೋಗ ಯಾವುದೆಂಬ ಪ್ರಶ್ನೆಯನ್ನೂ ಕೇಳತಕ್ಕದ್ದು ಎಂಬುದು ಆತನ ಉಪದೇಶ. ಮೂರು ಶತಮಾನಗಳು ಕಳೆದರೂ ಆ ಚಿಕ್ಕ ಪ್ರಶ್ನೆಯನ್ನು ಕೇಳದೆ ಹೋಗುವ ವೈದ್ಯರೂ, ಅಧಿಕಾರಿಗಳೂ, ಮಾಲೀಕರೂ ಉಂಟು.

ಮಂದಸೌರಿನ ಕಥೆ ಕನ್ನಡ ನಾಡಿಗೆ ಹೊರಗಿನದೆಂದು ಭಾವಿಸಬೇಕಾಗಿಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ 1880ರಲ್ಲಿ ಬ್ರಿಟನ್ನಿನ ಜಾನ್ ಟೇಲರ್ ಸಂಸ್ಥೆಯು ಕೆಲಸ ಆರಂಭಿಸಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಅಲ್ಲಿಗೆ ಹರಿದುಬಂದುದನ್ನು ನಾಡು ಇಂದಿಗೂ ಹೆಮ್ಮೆಯಿಂದ ನೆನೆಯುತ್ತದೆ. ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದು ಚಿನ್ನವನ್ನು ತೆಗೆದ ಸಾಹಸವೂ ಸ್ಮರಣೀಯವೇ. ಆದರೆ ಆ ಚಿನ್ನ ಅಡಗಿದ್ದುದು ಬೆಣಚುಕಲ್ಲಿನ ಎಳೆಗಳಲ್ಲಿ. ಚಿನ್ನಕ್ಕಾಗಿ ಬೆಣಚನ್ನು ಕೊರೆದವರೆಲ್ಲರೂ ಬೆಣಚಿನ ಧೂಳನ್ನು ಕುಡಿದರು. ಭಾರತದಲ್ಲಿ ಸಿಲಿಕೋಸಿಸ್ ರೋಗದ ಮೊದಮೊದಲ ವರದಿಗಳು ಬಂದುದು ಈ ಗಣಿಗಳಿಂದಲೇ. 1940ರ ದಶಕದಲ್ಲಿ ಏಳು ಸಾವಿರಕ್ಕೂ ಮಿಕ್ಕ ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ರೋಗದ ಗುರುತು ಕಂಡಿತು. 2001ರಲ್ಲಿ ಗಣಿಗಳು ಮುಚ್ಚಿದುವು. ತೆಗೆದ ಚಿನ್ನದ ತೂಕ ಲೆಕ್ಕದ ಪುಸ್ತಕಗಳಲ್ಲಿ ಉಳಿದಿದೆ. ಒಳಗೆ ಹೋದ ಧೂಳಿನ ತೂಕವನ್ನು ಬರೆದಿಟ್ಟವರಿಲ್ಲ.

ಸಿಲಿಕೋಸಿಸ್ ರೋಗವಷ್ಟೇ ಆಗಿದ್ದರೆ ದುಃಖವು ಅಲ್ಲಿಗೆ ಮುಗಿಯುತ್ತಿದ್ದಿತು. ಅದೇ ಧೂಳು ಶ್ವಾಸಕೋಶದ ಕ್ಯಾನ್ಸರಿಗೂ ದಾರಿ ಮಾಡುತ್ತದೆ. ದೀರ್ಘಕಾಲದ ಉರಿಯೂತದಲ್ಲಿ ಕೋಶಗಳು ಪುನಃ ಪುನಃ ಗಾಯಗೊಂಡು ಪುನಃ ಪುನಃ ವಿಭಜನೆಗೊಳ್ಳುತ್ತವೆ. ಹಾಗೆ ವಿಭಜನೆಗೊಳ್ಳುವಾಗ ನಡೆದ ತಪ್ಪುಗಳು ಕೂಡಿಕೊಂಡು, ಕಡೆಗೊಂದು ದಿನ ಕಟ್ಟಳೆ ಮೀರಿದ ಬೆಳವಣಿಗೆಗೆ ಕಾರಣವಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು, ಉದ್ಯೋಗದಲ್ಲಿ ಉಸಿರಾಡುವ ಹರಳುರೂಪದ ಸಿಲಿಕಾವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗಕ್ಕೆ 1997ರಲ್ಲಿ ಸೇರಿಸಿತು. 2009ರಲ್ಲಿ ಆ ನಿರ್ಣಯವನ್ನು ಮತ್ತೆ ಎತ್ತಿಹಿಡಿಯಿತು. ಹಲವು ದೇಶಗಳ 65 ಸಾವಿರಕ್ಕೂ ಹೆಚ್ಚು ಕಾರ್ಮಿಕರ ವಿವರಗಳನ್ನು ಒಟ್ಟುಗೂಡಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಜೀವಮಾನದಲ್ಲಿ ಒಳಗೆ ಹೋದ ಧೂಳಿನ ಮೊತ್ತ ಏರಿದಂತೆ ಈ ಕ್ಯಾನ್ಸರಿನ ಅಪಾಯವೂ ಏರುವುದೆಂದು ತೋರಿಸಿತು.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನು ಎತ್ತುವುದುಂಟು. ಶ್ವಾಸಕೋಶದ ಕ್ಯಾನ್ಸರಿಗೆ ಬೀಡಿ ಸಿಗರೇಟುಗಳೇ ಕಾರಣವಲ್ಲವೇ, ಕಾರ್ಮಿಕನ ಚಟದ ತಪ್ಪನ್ನು ಉದ್ಯಮದ ಮೇಲೆ ಹೊರಿಸುವುದು ನ್ಯಾಯವೇ ಎಂದು ಅವರು ಕೇಳುತ್ತಾರೆ. ಹೊಗೆಬತ್ತಿಯು ಬಲು ದೊಡ್ಡ ಕಾರಣವೆಂಬುದು ನಿಜ. ಧೂಳು ಮತ್ತು ಹೊಗೆ ಎರಡೂ ಕೂಡಿದರೆ ಅಪಾಯ ಇನ್ನಷ್ಟು ಬೆಳೆಯುವುದೂ ನಿಜ. ಆದುದರಿಂದ ಧೂಳಿನಲ್ಲಿ ದುಡಿಯುವವನು ಬೀಡಿಯನ್ನು ಬಿಡುವುದು ಎಲ್ಲರಿಗಿಂತ ಹೆಚ್ಚು ಅಗತ್ಯ. ಆದರೆ ಯೂರೋಪು ಮತ್ತು ಕೆನಡಾಗಳ 14 ಅಧ್ಯಯನಗಳನ್ನು ಒಗ್ಗೂಡಿಸಿ 2020ರಲ್ಲಿ ಪ್ರಕಟಿಸಿದ ಸಂಶೋಧನೆಯು, ಎಂದೂ ಬೀಡಿ ಸಿಗರೇಟು ಸೇದದವರಲ್ಲಿಯೂ ಸಿಲಿಕಾ ಧೂಳಿನಿಂದ ಈ ಅಪಾಯ ಹೆಚ್ಚುವುದನ್ನು ಕಂಡುಕೊಂಡಿತು. ಸಿಲಿಕೋಸಿಸ್ ತಗುಲದವರಲ್ಲಿಯೂ ಅದು ಹೆಚ್ಚಿದ್ದಿತು. ಬೀಡಿಯ ಹೊಗೆಯನ್ನು ಮುಂದೆ ಮಾಡಿ ಕಲ್ಲಿನ ಧೂಳನ್ನು ಮರೆಮಾಚುವುದು ಸತ್ಯಕ್ಕೆ ಎಸಗುವ ಅಪಚಾರ.

ಎರಡನೆಯ ಆಕ್ಷೇಪ ಇನ್ನೂ ಹಳೆಯದು. ಕಲ್ಲಿನ ಕೆಲಸವೆಂದರೆ ಧೂಳು ಇದ್ದದ್ದೇ. ಅದಕ್ಕೆ ಅಂಜಿದರೆ ರಸ್ತೆ ಆಗದು, ಮನೆ ಏಳದು, ಬಡವನ ಹೊಟ್ಟೆ ತುಂಬದು ಎಂಬ ವಾದವದು. ಇದಕ್ಕೆ ಚರಿತ್ರೆಯೇ ಉತ್ತರ ಕೊಟ್ಟಿದೆ. ಎರಕದ ವಸ್ತುಗಳ ಮೇಲೆ ಮರಳನ್ನು ರಭಸದಿಂದ ಎರಚಿ ಶುಚಿಗೊಳಿಸುವ ಪದ್ಧತಿಯನ್ನು ಬ್ರಿಟನ್ 1949ರಲ್ಲಿ ನಿಷೇಧಿಸಿತು. ಅದರಿಂದ ಎರಕದ ಕೆಲಸ ನಿಲ್ಲಲಿಲ್ಲ. ಮರಳಿನ ಬದಲು ಲೋಹದ ಹರಳುಗಳು ಬಂದುವು. ಅಡುಗೆಮನೆಯ ಕಟ್ಟೆಗಳಿಗೆ ಹಾಸುವ ಕೃತಕ ಶಿಲೆಯಲ್ಲಿ ಸಿಲಿಕಾ ಅತಿಯಾಗಿದ್ದು, ಅದನ್ನು ಕೊಯ್ದ ತರುಣರು ರೋಗಕ್ಕೆ ತುತ್ತಾದುದನ್ನು ಕಂಡ ಆಸ್ಟ್ರೇಲಿಯವು 2024ರ ಜುಲೈ 1ರಿಂದ ಅದನ್ನೇ ನಿಷೇಧಿಸಿತು. ಎಲ್ಲ ಕಲ್ಲನ್ನೂ ನಿಷೇಧಿಸಲಾಗದು. ಅದು ಬೇಕಾಗಿಯೂ ಇಲ್ಲ. ಕೊರೆಯುವ ಕಡೆ ನೀರನ್ನು ಹಾಯಿಸಿದರೆ ಧೂಳಿನ ಬಹುಪಾಲು ಏಳುವ ಮುನ್ನವೇ ಅಡಗುತ್ತದೆ. ಯಂತ್ರಕ್ಕೆ ಮುಚ್ಚಿಗೆ ಹಾಕಿ, ಧೂಳು ಹುಟ್ಟಿದ ಜಾಗದಲ್ಲಿಯೇ ಅದನ್ನು ಹೀರುವ ಕೊಳವೆಯನ್ನಿಟ್ಟರೆ ಉಳಿದುದೂ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಗಾಳಿಯಲ್ಲಿರುವ ಧೂಳನ್ನು ಅಳೆಯುವ ಸಾಧನಗಳಿವೆ. ಅಮೆರಿಕವು 2016ರಲ್ಲಿ ರೂಪಿಸಿದ ನಿಯಮದಂತೆ, ಎಂಟು ಗಂಟೆಗಳ ದುಡಿಮೆಯಲ್ಲಿ ಒಂದು ಘನಮೀಟರ್ ಗಾಳಿಯಲ್ಲಿ ಸರಾಸರಿ 50 ಮೈಕ್ರೋಗ್ರಾಮಿಗಿಂತ ಹೆಚ್ಚು ಸಿಲಿಕಾ ಇರಕೂಡದು. ಒಂದು ಮಿಲಿಗ್ರಾಮಿನ ಇಪ್ಪತ್ತರಲ್ಲೊಂದು ಪಾಲು ಅದು. ಆಳುವವರಿಗೆ ಮನಸ್ಸಿದ್ದರೆ ಎಷ್ಟು ಸೂಕ್ಷ್ಮವಾಗಿ ಅಳೆಯಬಹುದೆಂಬುದಕ್ಕೆ ಇದೇ ನಿದರ್ಶನ.

ಮೂರನೆಯ ಮಾತು ಕಾರ್ಮಿಕನ ಅಜಾಗ್ರತೆಯನ್ನು ಕುರಿತದ್ದು. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳೆಂದರೆ ಅವನು ಕೇಳುವುದಿಲ್ಲ ಎಂದು ದೂರುವವರು ಅನೇಕರು. ಆದರೆ ಕೊರಳಿನ ವಸ್ತ್ರವನ್ನು ಮೂಗಿಗೆ ಸುತ್ತಿಕೊಂಡರೆ ದಪ್ಪ ಧೂಳು ತಡೆದೀತೇ ಹೊರತು, ಕೊಲ್ಲುವ ಸಣ್ಣ ಧೂಳು ತಡೆಯದು. ತಕ್ಕ ಮುಖಗವಸಾದರೂ ಮುಖಕ್ಕೆ ಸರಿಯಾಗಿ ಹೊಂದಿಕೊಳ್ಳಬೇಕು. ಬಿಸಿಲಿನಲ್ಲಿ ಸುತ್ತಿಗೆ ಬೀಸುವವನು ದಿನವಿಡೀ ಅದನ್ನು ತೊಟ್ಟಿರುವುದು ಸುಲಭವಲ್ಲ. ಮುಖಗವಸು ಕಡೆಯ ಕಾವಲು. ಧೂಳನ್ನು ಹುಟ್ಟಿದಲ್ಲಿಯೇ ಅಡಗಿಸುವುದು ಮೊದಲ ಕಾವಲು. ಅದು ಯಂತ್ರದ ಒಡೆಯನ ಹೊಣೆ. ಮೊದಲನೆಯ ಹೊಣೆಯನ್ನು ಮರೆತು ಕಡೆಯದನ್ನು ಮಾತ್ರ ಬಡವನ ತಲೆಗೆ ಕಟ್ಟುವುದು ಧರ್ಮವೆನಿಸದು.

ಕಾನೂನು ಇಲ್ಲವೆಂದಲ್ಲ. 1948ರ ಕಾರ್ಖಾನೆಗಳ ಕಾಯಿದೆಯೇ ಸಿಲಿಕೋಸಿಸನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿದ್ದಿತು. ಆದರೆ ಪಟ್ಟಿಯಲ್ಲಿದ್ದ ರೋಗಕ್ಕೂ ಪರಿಹಾರಕ್ಕೂ ನಡುವೆ ಇರುವ ದೂರವನ್ನು ಒಂದು ಪ್ರಸಂಗ ತೋರಿಸುತ್ತದೆ. ಮಧ್ಯಪ್ರದೇಶದ ಆದಿವಾಸಿಗಳು ಕೂಲಿಯನ್ನರಸಿ ಗುಜರಾತಿಗೆ ಹೋಗಿ, ಬೆಣಚುಕಲ್ಲನ್ನು ಪುಡಿಮಾಡುವ ಕಾರ್ಖಾನೆಗಳಲ್ಲಿ ದುಡಿದು, ರೋಗವನ್ನು ಹೊತ್ತು ಹಳ್ಳಿಗಳಿಗೆ ಮರಳಿದರು. ಸತ್ತವರಲ್ಲಿ 238 ಮಂದಿಯ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಆದೇಶಿಸಿತು. ದುಡಿಸಿದ ಊರು ಒಂದು, ಸತ್ತ ಊರು ಇನ್ನೊಂದು. ಕೂಲಿಕಾರನ ಬಳಿ ತಾನು ಎಲ್ಲಿ, ಎಷ್ಟು ವರ್ಷ ದುಡಿದೆನೆಂಬುದಕ್ಕೆ ಕಾಗದವಿರುವುದು ಅಪರೂಪ. ಅವನ ಕೆಮ್ಮನ್ನು ಕ್ಷಯವೆಂದು ಬರೆದು ಕಳುಹಿಸುವುದು ಸುಲಭ. ಕ್ಯಾನ್ಸರಂತೂ ಧೂಳನ್ನು ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, ಮುಪ್ಪಿನಲ್ಲಿ ತಲೆದೋರಬಹುದು. ಯೌವನದಲ್ಲಿ ಒಡೆದ ಕಲ್ಲನ್ನು ಆಗ ನೆನೆಯುವವರಾರು?

ಆದುದರಿಂದ ರಮಾಜಿನಿಯ ಪ್ರಶ್ನೆಯನ್ನು ಸಮಾಜವು ಎಲ್ಲ ಕಡೆಗಳಲ್ಲಿಯೂ ಕೇಳಬೇಕು. ಆಸ್ಪತ್ರೆಯಲ್ಲಿ ಕೆಮ್ಮುತ್ತ ನಿಂತವನನ್ನು ಅವನ ಉದ್ಯೋಗ ಯಾವುದೆಂದು, ಹಿಂದೆ ಯಾವುದಾಗಿದ್ದಿತೆಂದು ಕೇಳಬೇಕು. ಧೂಳಿನಲ್ಲಿ ದುಡಿದ ಪ್ರತಿಯೊಬ್ಬನ ಹೆಸರೂ ದುಡಿದ ವರ್ಷಗಳೂ ದಾಖಲೆಯಲ್ಲಿ ಇರಬೇಕು. ಕೆಲಸ ಬಿಟ್ಟ ಮೇಲೂ ಅವನ ಶ್ವಾಸಕೋಶದ ಪರೀಕ್ಷೆ ಕಾಲಕಾಲಕ್ಕೆ ನಡೆಯಬೇಕು. ಎಲ್ಲಕ್ಕೂ ಮಿಗಿಲಾಗಿ, ಜಲ್ಲಿಯ ಯಂತ್ರಕ್ಕೆ ನೀರಿನ ಸಿಂಪಡಿಕೆಯಿಲ್ಲದೆ ಪರವಾನಗಿ ದೊರೆಯಬಾರದು. ಇದಕ್ಕೆ ತಗಲುವ ವೆಚ್ಚವು ವಸ್ತುವಿನ ಬೆಲೆಯನ್ನು ಕೊಂಚ ಏರಿಸಬಹುದು. ಏರಲಿ. ಇಂದು ಆ ವೆಚ್ಚ ಇಲ್ಲವೆಂದು ತೋರುತ್ತದೆ, ಅಷ್ಟೇ. ಅದನ್ನು ಕಾರ್ಮಿಕನ ಹೆಂಡತಿಯು ಔಷಧಿಯ ಅಂಗಡಿಯಲ್ಲಿ, ಅವನ ಮಕ್ಕಳು ಬಿಟ್ಟ ಶಾಲೆಯಲ್ಲಿ ಗುಟ್ಟಾಗಿ ತೆರುತ್ತಿದ್ದಾರೆ.

ಕನ್ನಡ ನಾಡು ಕಲ್ಲನ್ನು ಪ್ರೀತಿಸಿದ ನಾಡು. ಬೇಲೂರು, ಹಳೆಯಬೀಡುಗಳ ಶಿಲ್ಪವನ್ನು ಕಂಡು ತಲೆದೂಗದವರಿಲ್ಲ. ಕಾಯಕವನ್ನು ಪೂಜೆಯೆಂದು ಬಗೆದ ಶರಣರು ಬಾಳಿದ ನೆಲವೂ ಇದೇ. ಕಾಯಕವು ಪೂಜೆಯಾಗಬೇಕಾದರೆ ಕಾಯವು ಉಳಿಯಬೇಕು. ಮಾಡುವವನನ್ನೇ ಬಲಿ ಬೇಡುವ ದುಡಿಮೆಯನ್ನು ಪೂಜೆಯೆನ್ನಲಾಗದು. ವಾಸಿಮಾಡಲಾಗದ ರೋಗವು ಬಂದಾಗ ವಿಧಿಯೆಂದು ನಿಟ್ಟುಸಿರಿಡುವುದು ಲೋಕದ ರೂಢಿ. ಆದರೆ ವಾಸಿಮಾಡಲಾಗದಿದ್ದರೂ ಬಾರದಂತೆ ತಡೆಯಬಹುದಾದ ರೋಗವಿದು. ತಡೆಯುವ ಉಪಾಯ ತಿಳಿದಿದ್ದೂ ತಡೆಯದೆ ಬಂದ ಸಾವನ್ನು ವಿಧಿಯ ತಲೆಗೆ ಕಟ್ಟುವುದು ಸಲ್ಲದು.

ಮಗುವಿನ ಕೈಯ ಬಳಪವು ಬರೆಯುತ್ತ ಬರೆಯುತ್ತ ಸವೆಯುತ್ತದೆ. ಸವೆಯುವುದೇ ಅದರ ಧರ್ಮ. ಅದನ್ನು ಕೊಯ್ದ ಮನುಷ್ಯನೂ ಅದರಂತೆಯೇ ಸವೆದುಹೋಗಬೇಕೆಂಬ ಧರ್ಮ ಎಲ್ಲಿಯೂ ಇಲ್ಲ. ಅಂಗಡಿಯಲ್ಲಿ ಕೇಳುವ ಬೆಲೆಯ ಹಿಂದೆ ಮತ್ತೊಂದು ಬೆಲೆ ಇದೆಯೇ ಎಂದು ವಿಚಾರಿಸುವ ಅಭ್ಯಾಸವು ಓದು ಬಲ್ಲ ಜನರಲ್ಲಿ ಬೆಳೆದರೆ, ಬಳಪದಿಂದ ಕಲಿತ ಅಕ್ಷರಕ್ಕೆ ಆಗ ಬೆಲೆ ಬಂದಂತಾಗುತ್ತದೆ.