ಅವರನ್ನು ನೋಡಲು ನಾವು ಹೋಗಲಿಲ್ಲ

ದಸರಾ ರಜೆಯಲ್ಲಿ ನಾವು ಮನೆಮಂದಿಯೆಲ್ಲಾ ಅಂಡಮಾನ್ ದ್ವೀಪಕ್ಕೆ ಹೋಗಿ ಬಂದ ಸುದ್ದಿ ನಿಮಗೆಲ್ಲ ಗೊತ್ತೇ ಇದೆ. ಬಂದ ದಿನದಿಂದ ಹತ್ತರಲ್ಲಿ ಎಂಟು ಜನ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಬಟ್ಟೆ ಹಾಕದ ಕಾಡು ಜನ ಇದ್ದಾರಂತಲ್ಲ, ನೋಡಿದ್ಯಾ?" ಇಲ್ಲ ಅಂದ ಕೂಡಲೇ ಮುಖ ಸಪ್ಪೆ. "ಅಷ್ಟು ದೂರ ಹೋಗಿ ಅದನ್ನೇ ನೋಡ್ಲಿಲ್ವಾ ಮಾರಾಯ್ತಿ, ದುಡ್ಡು ದಂಡ" ಅಂತ ಹತ್ತನೇ ತರಗತಿಯ ಅಕ್ಕ ಒಬ್ಬಳು ಹೇಳಿಯೂ ಬಿಟ್ಟಳು. ಒಬ್ಬೊಬ್ಬರಿಗೇ ಉತ್ತರ ಹೇಳಿ ಸಾಕಾಗಿ ಗೋಡೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಅವರನ್ನು ನಾವು ನೋಡಲಿಲ್ಲ, ನೋಡಲಿಕ್ಕೆ ಅಂತ ಯಾರೂ ಹೋಗಬಾರದು ಎಂಬುದು ನನ್ನ ಅಭಿಪ್ರಾಯ.

ಮೊದಲು ನೋಡಿದ್ದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಏನೂ ನೋಡದೆ ಬಂದಳು ಅಂತೀರಿ. ನಮ್ಮ ಅಪ್ಪಯ್ಯ ಅಂಚೆ ಇಲಾಖೆಯಲ್ಲಿ ಇರುವುದರಿಂದ ಕೇಂದ್ರ ಸರ್ಕಾರದ ನೌಕರರ ರಜಾ ಪ್ರಯಾಣ ಸೌಲಭ್ಯದಲ್ಲಿ ವಿಮಾನದ ಟಿಕೆಟ್ ಸಿಕ್ಕಿತು. ಇಲ್ಲದಿದ್ದರೆ ನಾವೆಲ್ಲಿ, ವಿಮಾನ ಎಲ್ಲಿ! ಚೆನ್ನೈಯಿಂದ ಎರಡು ಗಂಟೆಯ ದಾರಿ. ಹಡಗಿನಲ್ಲಾದರೆ ಮೂರು ದಿನ ಹಿಡಿಯುತ್ತದಂತೆ. ಪೋರ್ಟ್ ಬ್ಲೇರ್ ಪಟ್ಟಣಕ್ಕೆ 2024ರಿಂದ ಶ್ರೀ ವಿಜಯ ಪುರಂ ಎಂದು ಹೆಸರು, ಆದರೆ ಅಲ್ಲಿನವರ ಬಾಯಲ್ಲಿ ಇನ್ನೂ ಹಳೆಯದೇ ಇದೆ. ಸಂಜೆ ಐದೂವರೆಗೆಲ್ಲ ಕತ್ತಲು! ದ್ವೀಪ ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ಮಾತ್ರ ನಮ್ಮದೇ, ಅದಕ್ಕೆ ಹಾಗೆ. ಅಜ್ಜಿ ಮೊದಲನೇ ದಿನ "ಇಷ್ಟು ಬೇಗ ದೀಪ ಹಚ್ಚಬೇಕಾ" ಅಂತ ಗೊಣಗಿದರು. ಸೆಲ್ಯುಲಾರ್ ಜೈಲು ನೋಡಿದೆವು. 1906ರಲ್ಲಿ ಕಟ್ಟಿ ಮುಗಿಸಿದ ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು. ಒಂದು ಕೋಣೆಯ ಒಳಗೆ ನಿಂತು ಮೇಲಿನ ಕಿಂಡಿ ನೋಡಿದರೆ ಮಾತೇ ಬರುವುದಿಲ್ಲ. ಆಮೇಲೆ ಎರಡು ಗಂಟೆ ದೋಣಿಯಲ್ಲಿ ಹ್ಯಾವ್‌ಲಾಕ್‌ಗೆ ಹೋದೆವು (2018ರಿಂದ ಅದು ಸ್ವರಾಜ್ ದ್ವೀಪ). ರಾಧಾನಗರದ ಮರಳು ನಮ್ಮ ಮನೆಯ ಅಕ್ಕಿಹಿಟ್ಟಿನ ಹಾಗೆ ನುಣ್ಣಗೆ, ಬೆಳ್ಳಗೆ. ಅಜ್ಜಿ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಮೊಣಕಾಲಿನ ತನಕ ನೀರಿಗೆ ಇಳಿದು, ಅಪ್ಪಯ್ಯ ಕರೆದರೂ ಬರಲಿಲ್ಲ. ಅಮ್ಮ ಆರು ದಿನ ಒಲೆ ಮುಟ್ಟಲಿಲ್ಲ. ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ಪ್ಯಾಕೇಜಿನಲ್ಲಿ ಒಂದು ದಿನ ಬಾರಾಟಾಂಗ್ ಎಂಬ ದ್ವೀಪ ಇತ್ತು. ಅಲ್ಲಿ ಸುಣ್ಣಕಲ್ಲಿನ ಗುಹೆಗಳಿವೆ, ಕೆಸರು ಉಕ್ಕುವ ಪುಟ್ಟ ಜ್ವಾಲಾಮುಖಿ ಇದೆ. ಆದರೆ ರಸ್ತೆಯಲ್ಲಿ ಹೋದರೆ ಅದು ಜಾರವಾ ಜನರಿಗೆ ಮೀಸಲಾದ ಕಾಡನ್ನು ಸೀಳಿಕೊಂಡು ಹೋಗುತ್ತದೆ. ಜಿರ್ಕಾಟಾಂಗ್ ಎಂಬಲ್ಲಿ ಗೇಟು. ಅಲ್ಲಿಂದ ಸುಮಾರು 50 ಕಿ.ಮೀ. ದೂರ ವಾಹನಗಳೆಲ್ಲ ಒಂದರ ಹಿಂದೆ ಒಂದು ಸಾಲಾಗಿ, ಪೊಲೀಸರ ಕಾವಲಿನಲ್ಲಿ ಹೋಗಬೇಕು. ನಿಲ್ಲಿಸುವ ಹಾಗಿಲ್ಲ, ಫೋಟೋ ತೆಗೆಯುವ ಹಾಗಿಲ್ಲ, ತಿಂಡಿ ಕೊಡುವ ಹಾಗಿಲ್ಲ. ಮೀರಿದರೆ ಜೈಲು. ನಿಯಮ ಇಷ್ಟು ಬಿಗಿ ಇದ್ದರೂ ಹಿಂದಿನ ಸಂಜೆ ಬಂದ ಟ್ಯಾಕ್ಸಿಯವರು ನಗುತ್ತಾ ಹೇಳಿದ್ದೇನು ಗೊತ್ತಾ? "ಬೆಳಗಿನ ಜಾವ ಮೂರಕ್ಕೆ ರೆಡಿ ಇರಿ. ಅದೃಷ್ಟ ಇದ್ದರೆ ಕಾಣ್ತಾರೆ."

ಅಜ್ಜಿಗೆ ಹಿಂದಿ ಬರುವುದಿಲ್ಲ. "ಎಂತ ಕಾಣ್ತದಂತೆ, ಹುಲಿಯಾ?" ಅಂತ ಕೇಳಿದರು. ಅಪ್ಪಯ್ಯ "ಅಲ್ಲಮ್ಮ, ಜನ" ಅಂದರು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಜನರನ್ನ ನೋಡಕ್ಕೆ ಮೂರು ಗಂಟೆಗೆ ಏಳಬೇಕಾ? ಅವರೇನು ನಮ್ಮನ್ನ ಕರೆದಿದಾರಾ?" ಅಂದರು.

ಅಜ್ಜಿಗೆ ಹಾಗೆ ಅನ್ನಿಸಲು ಕಾರಣ ಇದೆ. ನಮ್ಮೂರಿಗೂ ಮಳೆಗಾಲದಲ್ಲಿ ಹೋಂಸ್ಟೇಗೆ ಅಂತ ಪೇಟೆಯವರು ಬರುತ್ತಾರಲ್ಲ. ಎರಡು ವರ್ಷದ ಹಿಂದೆ ನಾಟಿ ಗದ್ದೆಯಲ್ಲಿ ಗೊರಬು ಹೊದ್ದುಕೊಂಡು ಬಗ್ಗಿದ್ದ ಅಜ್ಜಿಯನ್ನು ಕಾರು ನಿಲ್ಲಿಸಿ ಫೋಟೋ ಹೊಡೆದರು. ಒಬ್ಬರಂತೂ ಗದ್ದೆ ಅಂಚಿಗೆ ಬಂದು, ಈ ಕಡೆ ತಿರುಗಿ, ಆ ಸಸಿ ಕಟ್ಟು ಎತ್ತಿ ಹಿಡಿಯಿರಿ ಅಂತ ಹೇಳಿಕೊಟ್ಟರು. ಹೋಗುವಾಗ ಇಪ್ಪತ್ತು ರೂಪಾಯಿ ನೀಡಿದರು. ಅಜ್ಜಿ ತೆಗೆದುಕೊಳ್ಳಲಿಲ್ಲ. "ನಾನೇನು ಜಾತ್ರೆ ಬೊಂಬೆಯಾ?" ಅಂತ ಆ ದಿನವೆಲ್ಲ ಹೇಳುತ್ತಿದ್ದರು. ಅಜ್ಜಿಗಾದರೂ ಬೇಡ ಅನ್ನಲಿಕ್ಕೆ ಬಾಯಿತ್ತು, ಬಂದವರಿಗೆ ಅವರ ಭಾಷೆ ತಿಳಿಯುತ್ತಿತ್ತು. ಜಾರವಾಗಳು ಬೇಡ ಅಂದರೆ ಅದು ಯಾವ ಟ್ಯಾಕ್ಸಿಯೊಳಗಿನವರಿಗೆ ತಿಳಿಯುತ್ತದೆ?

ಅವರ ಹೆಸರೇ ನಮಗೆ ಸರಿಯಾಗಿ ತಿಳಿದಿಲ್ಲ ನೋಡಿ. 'ಜಾರವಾ' ಅಂದರೆ ಪಕ್ಕದ ಬೇರೆ ಬುಡಕಟ್ಟಿನ ಭಾಷೆಯಲ್ಲಿ 'ಪರಕೀಯರು' ಎಂದು ಅರ್ಥವಂತೆ. ಅವರು ತಮ್ಮನ್ನು ಕರೆದುಕೊಳ್ಳುವುದು 'ಆಂಗ್' ಎಂದು. ಸಾವಿರಾರು ವರ್ಷಗಳಿಂದ ಆ ಕಾಡಿನಲ್ಲಿ ಇರುವವರಿಗೇ ನಾವು ಪರಕೀಯರು ಎಂದು ಹೆಸರಿಟ್ಟು ಕರೆಯುತ್ತಿದ್ದೇವೆ. ಹಂದಿ ಬೇಟೆ, ಬಿಲ್ಲಿನಿಂದ ಮೀನು ಹೊಡೆಯುವುದು, ಜೇನು, ಗೆಡ್ಡೆ, ಇದು ಅವರ ಬದುಕು. ಅಲ್ಲಿ ಜಿಂಕೆಗಳು ಬೇಕಾದಷ್ಟಿವೆ. ಆದರೆ ಅವನ್ನು ತಂದು ಬಿಟ್ಟಿದ್ದು ಬ್ರಿಟಿಷರು, ಹಿಂದಿನಿಂದ ಇವರು ಜಿಂಕೆ ಬೇಟೆ ಆಡಿದವರೇ ಅಲ್ಲ.

ಮೊದಲು ಅವರು ಹೊರಗಿನವರನ್ನು ಹತ್ತಿರ ಸೇರಿಸುತ್ತಿರಲಿಲ್ಲ, ಬಾಣ ಬಿಡುತ್ತಿದ್ದರು. 1996ರಲ್ಲಿ ಅವರ ಒಬ್ಬ ಹುಡುಗ, ಸುಮಾರು ನಮ್ಮ ಅಣ್ಣಂದಿರ ವಯಸ್ಸಿನವನು, ಕಾಲು ಮುರಿದುಕೊಂಡು ಸಿಕ್ಕಿದ. ಪೋರ್ಟ್ ಬ್ಲೇರ್ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡು ಗುಣಪಡಿಸಿ ಕಳಿಸಿದರು. ಮುಂದಿನ ವರ್ಷದಿಂದ ಜಾರವಾಗಳು ಬಿಲ್ಲುಬಾಣ ಬಿಟ್ಟು ಕಾಡಿನಿಂದ ಹೊರಗೆ ಬರತೊಡಗಿದರು. ನನಗೆ ಈ ಕಥೆಯಲ್ಲಿ ಬಹಳ ದುಃಖ ಆಗುವುದು ಇಲ್ಲೇ. ಅವರು ನಂಬಿ ಬಂದರು. ನಾವು ಕೊಟ್ಟದ್ದು ಬಿಸ್ಕತ್ತು, ತಂಬಾಕು, ಮತ್ತೆ ದಡಾರ. 1999ರಲ್ಲಿ ಮತ್ತು 2006ರಲ್ಲಿ ಅವರಲ್ಲಿ ದಡಾರ ಹರಡಿತು. ನಮಗೆ ಚಿಕ್ಕಂದಿನಲ್ಲೇ ಸೂಜಿ ಹಾಕಿಸುತ್ತಾರೆ, ಕಾಯಿಲೆ ಎಂಥದೆಂದು ನಮ್ಮ ರಕ್ತಕ್ಕೆ ಗೊತ್ತಿದೆ. ಹೊರಗಿನವರನ್ನೇ ಕಾಣದೆ ಬದುಕಿದವರಿಗೆ ಅದು ಪೂರ್ತಿ ಹೊಸದು.

2012ರಲ್ಲಿ ಲಂಡನ್ನಿನ ಒಂದು ಪತ್ರಿಕೆ ಒಂದು ವಿಡಿಯೋ ಹೊರಗೆ ತಂದಿತು. ಅದರಲ್ಲಿ ತಿಂಡಿ ತೋರಿಸಿ ಜಾರವಾ ಹೆಂಗಸರಿಗೆ ಕುಣಿಯಿರಿ ಎಂದು ಹೇಳುತ್ತಾರೆ. ಅವರು ಕುಣಿಯುತ್ತಾರೆ. ಆಗ ದೇಶವೆಲ್ಲ ಗಲಾಟೆ ಆಯಿತು. ಆದರೆ ಆ ರಸ್ತೆಯನ್ನು ಮುಚ್ಚಬೇಕು ಎಂದು ಸುಪ್ರೀಂ ಕೋರ್ಟು 2002ರಲ್ಲೇ ಆದೇಶ ಕೊಟ್ಟಿತ್ತು. ಆಮೇಲೂ ವಾಹನಗಳ ಸಾಲು ನಿಲ್ಲಲಿಲ್ಲ.

ಈಗ ನನ್ನ ಜೊತೆ ಜಗಳ ಆಡಿದವರ ಮಾತಿಗೆ ಬರೋಣ. "ಸರ್ಕಾರವೇ ಬಿಡುತ್ತದೆ, ನಿಂದೇನು?" ಅಂತ ಕೆಲವರು. ಸರ್ಕಾರ ಬಿಡುವ ಎಲ್ಲವನ್ನೂ ನಾವು ಮಾಡಲೇಬೇಕು ಅಂತೇನಿಲ್ಲವಲ್ಲ. ಬೀಡಿ ಸೇದಲಿಕ್ಕೂ ದೊಡ್ಡವರನ್ನು ಸರ್ಕಾರ ಬಿಡುತ್ತದೆ. "ಕಿಟಕಿಯಿಂದ ನೋಡಿದ್ರೆ ಅವರಿಗೆ ಏನು ಸವೆಯುತ್ತೆ?" ಅಂತ ಇನ್ನು ಕೆಲವರು. ಹೋದ ವರ್ಷ ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಶಾಲಾ ಪ್ರವಾಸ ಹೋದದ್ದು ನೆನಪು ಮಾಡಿಕೊಳ್ಳಿ. ಬಸ್ಸಿನ ಕಿಟಕಿಗೆ ಮುಖ ಒತ್ತಿಕೊಂಡು "ಅಲ್ಲಿ, ಅಲ್ಲಿ!" ಅಂತ ಕೂಗಿದೆವಲ್ಲ? ಮನುಷ್ಯರನ್ನು ನೋಡಲಿಕ್ಕೂ ಅದೇ ಕಿಟಕಿ, ಅದೇ ಕೂಗು. ಅಷ್ಟು ಸಾಲದೇ?

ಅಲ್ಲಿ ವಾಸ ಮಾಡುವವರ ವಿಷಯ ಬೇರೆ, ಅದನ್ನು ನಾನು ಒಪ್ಪುತ್ತೇನೆ. ಉತ್ತರದ ರಂಗತ್, ಮಾಯಾಬಂದರ್, ದಿಗ್ಲಿಪುರ ಕಡೆ ಸಾವಿರಾರು ಕುಟುಂಬಗಳಿವೆ. ಬಂಗಾಳದಿಂದ ನಿರಾಶ್ರಿತರಾಗಿ ಬಂದವರೇ ಅವರಲ್ಲಿ ಬಹಳ. ಹೆರಿಗೆ ನೋವು ಬಂದವರನ್ನು ದೊಡ್ಡಾಸ್ಪತ್ರೆಗೆ ತರಬೇಕಾದರೆ ರಸ್ತೆ ಬೇಕು. ದೋಣಿ, ಹಡಗು ಇವೆ, ಆದರೆ ಸಮುದ್ರ ಎಲ್ಲ ದಿನವೂ ಒಂದೇ ಥರ ಇರುವುದಿಲ್ಲ. ನಮ್ಮೂರ ಹೊಳೆಗೆ ಸೇತುವೆ ಇಲ್ಲದ ಕಾಲವನ್ನು ಹಿರಿಯರು ಹೇಳುವುದು ಕೇಳಿದ್ದೇವಲ್ಲ, ಹಾಗಾಗಿ ರಸ್ತೆ ಅಗೆದು ಬಿಸಾಕಿ ಅಂತ ನಾನು ಹೇಳುವುದಿಲ್ಲ. ರಜೆಗೆ ಬಂದ ನಮ್ಮಂಥವರಿಗೆ ಯಾವ ಹೆರಿಗೆ ನೋವು? ನಮ್ಮದು ಬರೀ ಕುತೂಹಲ. ಆ ಸಾಲಿನಲ್ಲಿ ನಮ್ಮ ಒಂದು ಗಾಡಿ ಕಡಿಮೆ ಆದರೆ ಯಾರಿಗೂ ತೊಂದರೆ ಇಲ್ಲ.

ಮೂರನೆಯ ಮಾತು ನಮ್ಮ ತರಗತಿಯಲ್ಲೇ ಬಂದದ್ದು: ಅವರನ್ನು ಹಾಗೇ ಕಾಡಿನಲ್ಲಿ ಬಿಡುವುದು ತಪ್ಪು, ಕರೆತಂದು ಬಟ್ಟೆ ಕೊಟ್ಟು ಶಾಲೆಗೆ ಸೇರಿಸಬೇಕು ಎಂದು. ಇದು ಒಳ್ಳೆ ಮನಸ್ಸಿನಿಂದ ಹೇಳಿದ ಮಾತು ಎಂದು ನನಗೆ ಗೊತ್ತು. ಆದರೆ ಅಂಡಮಾನಿನಲ್ಲಿ ಇದನ್ನು ಒಂದು ಸಲ ಮಾಡಿ ನೋಡಿ ಆಗಿದೆ. 1858ರಲ್ಲಿ ಬ್ರಿಟಿಷರು ಕೈದಿಗಳ ವಸಾಹತು ಶುರು ಮಾಡಿದಾಗ ಗ್ರೇಟ್ ಅಂಡಮಾನೀಸ್ ಜನ ಸಾವಿರಾರು ಸಂಖ್ಯೆಯಲ್ಲಿ ಇದ್ದರು. ಅವರನ್ನು 'ಅಂಡಮಾನ್ ಹೋಮ್' ಎಂಬ ಮನೆ ಕಟ್ಟಿ ತಂದು ಇಟ್ಟರು, ಬಟ್ಟೆ ತೊಡಿಸಿದರು, ಇಂಗ್ಲಿಷು ಕಲಿಸಿದರು. ಕಾಯಿಲೆಗಳೂ ಜೊತೆಗೇ ಬಂದವು. 1877ರ ದಡಾರದಲ್ಲಿ ಗುಂಪು ಗುಂಪಾಗಿ ಸತ್ತರು. 1901ರ ಜನಗಣತಿಗೆ ಉಳಿದವರು 625. 1961ಕ್ಕೆ 19 ಜನ. ನಮ್ಮ ತರಗತಿಯಲ್ಲೇ ಅದಕ್ಕಿಂತ ಹೆಚ್ಚು ಮಕ್ಕಳಿದ್ದೇವೆ! 2011ರಲ್ಲಿ 44 ಎಂದು ಎಣಿಕೆ ಆಗಿದೆ. ಅವರಲ್ಲಿ ಬೋವಾ ಎಂಬ ಅಜ್ಜಿಗೆ ಮಾತ್ರ 'ಬೋ' ಭಾಷೆ ಬರುತ್ತಿತ್ತು. 2010ರ ಜನವರಿಯಲ್ಲಿ ಅವರು ತೀರಿಕೊಂಡಾಗ ಆ ಭಾಷೆಯೂ ಹೋಯಿತು. ಕೊನೆಗಾಲದಲ್ಲಿ ತನ್ನ ಭಾಷೆಯಲ್ಲಿ ಮಾತಾಡಬೇಕು ಅನ್ನಿಸಿದರೆ ಆ ಅಜ್ಜಿಗೆ ಎದುರಿಗೆ ಯಾರೂ ಇರಲಿಲ್ಲ. ನಮ್ಮ ಅಜ್ಜಿಗೆ ಈ ವಿಷಯ ಹೇಳಿದಾಗ ಅವರು ತಟ್ಟೆಯಲ್ಲಿದ್ದ ಅನ್ನ ಮುಗಿಸಲಿಲ್ಲ.

ಜಾರವಾಗಳು 2011ರ ಎಣಿಕೆಯಂತೆ 380 ಜನ. ಶಾಲೆಗೆ ಬರುತ್ತೇವೆ ಎಂದು ನಾಳೆ ಅವರೇ ಹೇಳಿದರೆ ಬರಲಿ, ಬಾಗಿಲು ತೆಗೆಯಬೇಕಾದ್ದು ನಾವು. ಅಲ್ಲಿಯ ತನಕ ಅವರು ಎಷ್ಟು ಹತ್ತಿರ ಬರಬೇಕು ಎಂದು ತೀರ್ಮಾನಿಸುವ ಹಕ್ಕು ಅವರದು. ನಮ್ಮ ಪ್ಯಾಕೇಜಿನದ್ದಲ್ಲ.

ನಾವು ಹೋಗದೆ ಇದ್ದದ್ದು ಸುಲಭಕ್ಕೆ ಆಗಲಿಲ್ಲ. ಆ ದಿನದ ದುಡ್ಡು ವಾಪಸ್ ಬರಲಿಲ್ಲ, ಅಪ್ಪಯ್ಯನಿಗೆ ಅದು ರಾತ್ರಿಯೆಲ್ಲ ಕೊರೆಯಿತು. ತಮ್ಮ ಕೆಸರಿನ ಜ್ವಾಲಾಮುಖಿ ಬೇಕು ಅಂತ ಊಟ ಬಿಟ್ಟು ಅತ್ತ. ಅವನು ಪಾಪ, ಅವನಿಗೆ ಬೇಕಾಗಿದ್ದು ಜನ ಅಲ್ಲ, ಕೆಸರು. ಅಮ್ಮ ಮಾತ್ರ "ಒಂದು ದಿನವಾದ್ರೂ ಬೆಳಗ್ಗೆ ಏಳರ ತನಕ ಮಲಗ್ತೀನಿ" ಅಂತ ಖುಷಿಪಟ್ಟರು. ಮಾರನೇ ದಿನ ಮಾನವಶಾಸ್ತ್ರ ವಸ್ತುಸಂಗ್ರಹಾಲಯಕ್ಕೆ ಹೋದೆವು. ಬಿಲ್ಲು, ಬಾಣ, ಬುಟ್ಟಿ, ದೋಣಿ ಎಲ್ಲ ಇಟ್ಟಿದ್ದಾರೆ. ಬುಟ್ಟಿಯ ಹೆಣಿಗೆ ನೋಡಿ ಅಜ್ಜಿ ಗಾಜಿನ ಪೆಟ್ಟಿಗೆ ಬಿಟ್ಟು ಏಳಲಿಲ್ಲ. ಈ ಕಣ್ಣಿ ಹೇಗೆ ಹಾಕಿದಾರೆ, ಆ ತುದಿ ಎಲ್ಲಿಗೆ ಹೋಯ್ತು ಅಂತ ಬೆರಳಲ್ಲೇ ಲೆಕ್ಕ ಹಾಕುತ್ತಿದ್ದರು. ಅವರ ಕೈಕೆಲಸವನ್ನು ಅಷ್ಟು ಹೊತ್ತು ನೋಡಿದವರು ಆ ದಿನ ಅಲ್ಲಿ ಬೇರೆ ಯಾರೂ ಇರಲಿಲ್ಲ.

ಕೊನೆಗೆ ನಮ್ಮ ಶಾಲೆಯದೇ ಒಂದು ಮಾತು. ಗುರುಗಳು ತಪ್ಪು ತಿಳಿಯಬಾರದು. ಪ್ರತಿ ವಾರ್ಷಿಕೋತ್ಸವಕ್ಕೂ ನಮ್ಮಲ್ಲಿ 'ಕಾಡು ಜನರ ಕುಣಿತ' ಇರುತ್ತದೆ. ಮೈಗೆಲ್ಲ ಇದ್ದಿಲು ಬಳಿದು, ಸೊಂಟಕ್ಕೆ ಸೊಪ್ಪು ಕಟ್ಟಿ, ಅರ್ಥವಿಲ್ಲದ ಶಬ್ದ ಕೂಗುತ್ತಾ ಕುಣಿಯುವುದು, ಊರವರೆಲ್ಲ ಬಿದ್ದು ಬಿದ್ದು ನಗುವುದು. ಚಪ್ಪಾಳೆ ಜಾಸ್ತಿ ಬೀಳುವುದೂ ಅದಕ್ಕೇ. ಅಂಥ ಶಬ್ದ ಕೂಗುವ ಜನ ಭೂಮಿಯ ಮೇಲೆ ಎಲ್ಲೂ ಇಲ್ಲ. ಅವರ ಮಾತಿಗೂ ವ್ಯಾಕರಣ ಇದೆ, ನಾವು ಕಲಿತಿಲ್ಲ ಅಷ್ಟೆ. ಈ ವರ್ಷದ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ದೈಹಿಕ ಶಿಕ್ಷಕರ ಹತ್ತಿರ ಹೋಗಿ ತೆಗೆಸಿದ್ದೇನೆ. ಎಂಟು ಜನ ಬೇಕಾದ ಕುಣಿತಕ್ಕೆ ಈಗ ಏಳು ಜನ ಇದ್ದಾರೆ. ಬದಲಿಗೆ ಕೋಲಾಟ ಹಾಕೋಣ, ಕೋಲು ನಮ್ಮ ಮನೆಯಿಂದಲೇ ತರುತ್ತೇನೆ ಅಂತ ಕೇಳಿದ್ದೇನೆ. ಸರ್ "ನೋಡೋಣ" ಅಂದಿದ್ದಾರೆ. ಉಳಿದ ಏಳು ಜನ ಇದನ್ನು ಓದಿದ ಮೇಲೆ ಶನಿವಾರದ ಒಳಗೆ ನನಗೆ ಹೇಳಿ.

— 9ನೇ ತರಗತಿಯ ವಿದ್ಯಾರ್ಥಿನಿ